ಕರಟ ಸುಡುವಾಗಲೂ ಇಂಗಾಲದ ಡೈಆಕ್ಸೈಡ್ ಬರುತ್ತಲ್ಲ, ಮತ್ತೆ ಲಾಭ ಎಲ್ಲಿ?

ಪ್ರಶ್ನೆ: ಕರಟ, ಭತ್ತದ ಹೊಟ್ಟು, ಮರದ ಪುಡಿಯಂಥ ಕಸದಿಂದ ಇಂಗಾಲದ ಡೈಆಕ್ಸೈಡ್ ಹಿಡಿಯುವ ಇದ್ದಿಲು ಮಾಡುತ್ತಾರಂತೆ. ಆದರೆ ಅದನ್ನು ಮಾಡುವಾಗಲೇ ಸಾಕಷ್ಟು ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ. ಒಂದು ಕೈಯಲ್ಲಿ ಬಿಟ್ಟು ಇನ್ನೊಂದು ಕೈಯಲ್ಲಿ ಹಿಡಿದ ಹಾಗಾಯ್ತು ಅಲ್ವಾ?

ಉತ್ತರ: ಒಂದು ಸಲ ಬಳಸಿ ಎಸೆಯುವುದಾದರೆ ನಿಮ್ಮ ಮಾತು ಪೂರ್ತಿ ನಿಜ. ಲೆಕ್ಕ ಹಾಕಿಯೇ ನೋಡೋಣ.

ಒಣಗಿದ ಕರಟದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇಂಗಾಲವೇ. 8 ಕೆಜಿ ಕರಟದಿಂದ ಕೊನೆಗೆ 1 ಕೆಜಿ ಸಿದ್ಧ ವಸ್ತು ಸಿಕ್ಕಿತು ಎಂದಿಟ್ಟುಕೊಳ್ಳಿ. ಒಳಗಿದ್ದ 4 ಕೆಜಿ ಇಂಗಾಲದಲ್ಲಿ 3 ಕೆಜಿ ಕೈಬಿಟ್ಟು ಹೋಯಿತು. ಅದಷ್ಟೂ ಉರಿದರೆ 11 ಕೆಜಿ ಇಂಗಾಲದ ಡೈಆಕ್ಸೈಡ್.

ಇನ್ನು ಹಿಡಿಯುವುದು ಎಷ್ಟು? 2011ರಲ್ಲಿ ಸ್ಪೇನ್‌ನ ವಿಜ್ಞಾನಿಗಳಾದ ಮಾರ್ತಾ ಸೆವಿಯಾ ಮತ್ತು ಆಂಟೋನಿಯೊ ಫ್ಯುಯೆರ್ತೆಸ್ ಮರದ ಪುಡಿಯಿಂದ ಮಾಡಿದ ಇಂಗಾಲವು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗ್ರಾಂಗೆ 4.8 ಮಿಲಿಮೋಲ್ ಹಿಡಿಯಿತು. ಅಂದರೆ ಕೆಜಿಗೆ ಸುಮಾರು 211 ಗ್ರಾಂ. ಇದು ತುಂಬಾ ಒಳ್ಳೆಯ ಫಲಿತಾಂಶ, ಆದರೆ ಶುದ್ಧ ಅನಿಲದಲ್ಲಿ ಸಿಕ್ಕಿದ್ದು. ಕಲ್ಲಿದ್ದಲು ಸ್ಥಾವರದ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದೇ ಶೇಕಡಾ 12ರಿಂದ 15ರಷ್ಟು. ಅಲ್ಲಿ ಸಲಕ್ಕೆ 40 ಗ್ರಾಂ ಎಂದುಕೊಂಡರೆ, 11 ಕೆಜಿ ತೀರಿಸಲು 275 ಸಲ ಹಿಡಿದು ಬಿಡಬೇಕು.

ಇಷ್ಟೊಂದಾ ಅನ್ನಿಸಬಹುದು. ಆದರೆ ಈ ವಸ್ತು ಇರುವುದೇ ಅದಕ್ಕೆ. ಇದು ಬಾವಿಗೆ ಇಳಿಸುವ ಕೊಡದ ಹಾಗೆ. ತುಂಬಿಕೊಂಡು ಮೇಲೆ ಬರಬೇಕು, ಬರಿದಾಗಿ ಮತ್ತೆ ಇಳಿಯಬೇಕು. ಅನಿಲ ಇಲ್ಲಿ ಇಂಗಾಲದ ಜೊತೆ ರಾಸಾಯನಿಕವಾಗಿ ಸೇರುವುದಿಲ್ಲ, ಸುಮ್ನೆ ಅದರ ಗೋಡೆಗೆ ಅಂಟಿಕೊಂಡಿರುತ್ತದೆ. ಒತ್ತಡ ಇಳಿಸಿದರೆ ಅಥವಾ ಸ್ವಲ್ಪ ಬಿಸಿ ಮಾಡಿದರೆ ಇದ್ದಿಲು ಅದನ್ನು ಬಿಟ್ಟುಕೊಡುತ್ತದೆ, ಆಗ ಅದನ್ನು ಗಾಳಿಗೆ ಬಿಡದೆ ಬೇರೆ ಕಡೆ ತುಂಬಿಡಬಹುದು. ಕಾರ್ಖಾನೆಗಳಲ್ಲಿ ಈಗ ಬಳಸುವ, ಅನಿಲದ ಜೊತೆ ರಾಸಾಯನಿಕವಾಗಿಯೇ ಸೇರುವ ಅಮೈನ್ ಎಂಬ ದ್ರಾವಣದ ಹಿಡಿತ ಇದಕ್ಕಿಂತ ಬಲು ಗಟ್ಟಿ. ಅದನ್ನು ಬಿಡಿಸಲು ದ್ರಾವಣವನ್ನು 120 ಡಿಗ್ರಿ ಆಸುಪಾಸಿಗೆ ಕಾಯಿಸಬೇಕು, ಅದಕ್ಕೇ ಶಕ್ತಿ ಜಾಸ್ತಿ ಖರ್ಚಾಗುತ್ತದೆ. ಇದ್ದಿಲಿನ ಸಡಿಲ ಹಿಡಿತವೇ ಅದರ ದೊಡ್ಡ ಗುಣ ಎಂದು ನನಗೆ ಅನ್ನಿಸುತ್ತದೆ.

ಹಾಗಾದರೆ ಒಲೆಯ ಇದ್ದಿಲೇ ಸಾಕಲ್ವಾ? ಸಾಲದು. ಅದರಲ್ಲೂ ರಂಧ್ರಗಳಿವೆ, ಆದರೆ ಕಡಿಮೆ, ಇರುವುದರಲ್ಲೂ ಎಷ್ಟೋ ಟಾರಿನಿಂದ ಮುಚ್ಚಿಕೊಂಡಿರುತ್ತವೆ. ಇಂಗಾಲದ ಡೈಆಕ್ಸೈಡ್ ಅಣುವಿನ ಅಗಲ ಸುಮಾರು 0.33 ನ್ಯಾನೊಮೀಟರ್. ರಂಧ್ರ 1 ನ್ಯಾನೊಮೀಟರ್‌ಗಿಂತ ಕಿರಿದಾಗಿದ್ದರೆ ಎದುರುಬದುರು ಗೋಡೆಗಳೆರಡೂ ಅಣುವನ್ನು ಸೆಳೆಯುತ್ತವೆ, ಅದು ನಿಲ್ಲುತ್ತದೆ. ಅಗಲವಾಯಿತೋ, ಜಾರಿ ಹೋಗುತ್ತದೆ. ‘ಒಂದೇ ಗ್ರಾಂನಲ್ಲಿ 3000 ಚದರ ಮೀಟರ್ ಮೇಲ್ಮೈ’ ಎಂಬ ಮಾತನ್ನು ನೀವು ಓದಿರಬಹುದು. ಕೇಳಲು ಚೆನ್ನ. ಆದರೆ ಸಾಮಾನ್ಯ ಒತ್ತಡದಲ್ಲಿ ಕೆಲಸಕ್ಕೆ ಬರುವುದು ಕಿರಿದಾದ ರಂಧ್ರಗಳ ಸಂಖ್ಯೆ. ಮೇಲ್ಮೈ ಕಡಿಮೆ ಇರುವ ಇಂಗಾಲ ಎಷ್ಟೋ ಸಲ ಜಾಸ್ತಿ ಹಿಡಿಯುತ್ತದೆ.

ಈ ರಂಧ್ರಗಳನ್ನು ತೆರೆಯುವ ಕೆಲಸ ನೋಡಲು ಚೆಂದ. ಇದ್ದಿಲಿಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ ಬೆರೆಸಿ, ಗಾಳಿ ಸೋಕದಂತೆ 600ರಿಂದ 800 ಡಿಗ್ರಿವರೆಗೆ ಕಾಯಿಸುತ್ತಾರೆ. ಕ್ಷಾರವು ಇಂಗಾಲವನ್ನು ಅಲ್ಲಲ್ಲಿ ತಿಂದುಹಾಕುತ್ತದೆ. ಹುಟ್ಟಿದ ಪೊಟ್ಯಾಸಿಯಂ ಲೋಹ ಇಂಗಾಲದ ಪದರಗಳ ನಡುವೆ ನುಗ್ಗಿ ಅವನ್ನು ಅಗಲಿಸುತ್ತದೆ. ತಣ್ಣಗಾದ ಮೇಲೆ ಆಮ್ಲ, ನೀರಿನಲ್ಲಿ ತೊಳೆದರೆ ಪೊಟ್ಯಾಸಿಯಂ ಹೋಗುತ್ತದೆ, ಅದು ಕೂತಿದ್ದ ಜಾಗ ಖಾಲಿ ಉಳಿಯುತ್ತದೆ. ಭತ್ತದ ಹೊಟ್ಟಾದರೆ ಅದರಲ್ಲಿರುವ ಸಿಲಿಕಾ (ಮರಳಿನಲ್ಲಿರುವ ವಸ್ತು) ಕೂಡ ಕ್ಷಾರದಲ್ಲಿ ಕರಗಿ, ಇನ್ನಷ್ಟು ಜಾಗ ತೆರವಾಗುತ್ತದೆ.

ಈಗ ಮತ್ತೆ ಆ 11 ಕೆಜಿಗೆ ಬರೋಣ. ನಿಜ ಹೇಳಬೇಕೆಂದರೆ ಅದನ್ನು ಸಾಲ ಅಂತ ಬರೆಯಲೇಬೇಕಿಲ್ಲ. ಆ ಇಂಗಾಲವನ್ನು ಗಿಡ ಗಾಳಿಯಿಂದಲೇ ಪಡೆದಿತ್ತು. ಕಸ ಕೊಳೆತಿದ್ದರೂ, ಯಾರಾದರೂ ಬೆಂಕಿ ಇಟ್ಟಿದ್ದರೂ ಅದು ಗಾಳಿಗೇ ಸೇರುತ್ತಿತ್ತು. ಇದ್ದಿಲಿಗೆಂದೇ ಮರ ಕಡಿದರೆ ಮಾತ್ರ ಈ ವಾದ ನಿಲ್ಲುವುದಿಲ್ಲ.

ನಿಜವಾದ ಸಾಲ ಇರುವುದು ಕುಲುಮೆಯ ಶಾಖದಲ್ಲಿ ಮತ್ತು ಆ ಕ್ಷಾರದಲ್ಲಿ. ಪೊಟ್ಯಾಸಿಯಂ ಹೈಡ್ರಾಕ್ಸೈಡನ್ನು ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣಕ್ಕೆ ವಿದ್ಯುತ್ ಹರಿಸಿ ತಯಾರಿಸುತ್ತಾರೆ. ಪ್ರಯೋಗಾಲಯಗಳಲ್ಲಿ ಇದ್ದಿಲಿನ ಎರಡರಿಂದ ನಾಲ್ಕು ಪಟ್ಟು ತೂಕದ ಕ್ಷಾರ ಹಾಕುವುದು ಮಾಮೂಲು. ವಿದ್ಯುತ್ತು ಕಲ್ಲಿದ್ದಲಿನಿಂದ ಬಂದರೆ, ಹಾಕಿದ ಕ್ಷಾರವನ್ನು ಮರಳಿ ಪಡೆಯದೆ ಚರಂಡಿಗೆ ಬಿಟ್ಟರೆ, ನಿಮ್ಮ ಅನುಮಾನ ನಿಜವಾಗುತ್ತದೆ. ಕ್ಷಾರದ ಬದಲು ಹಬೆ ಹಾಯಿಸಿಯೂ ರಂಧ್ರ ತೆರೆಯಬಹುದು. ಹಿಡಿತ ತುಸು ಕಡಿಮೆ, ತೊಳೆಯುವ ರಗಳೆ ಇಲ್ಲ. ಇದ್ದಿಲು ಮಾಡುವಾಗ ಹೊರಬರುವ ಅನಿಲವನ್ನು ಅದೇ ಕುಲುಮೆಯಲ್ಲಿ ಉರಿಸಿದರೆ ಶಾಖದ ಬಹುಪಾಲು ಅಲ್ಲಿಂದಲೇ ಸಿಗುತ್ತದೆ. ನನ್ನ ಮತ ಆ ದಾರಿಗೆ.