ಮನೆಗೆ ಮಾರಿ, ಕಾಡಿಗೆ ಉಪಕಾರಿ

ಕಾಡಿನ ಮಾತು ಬಂದಾಗಲೆಲ್ಲ ಒಂದೇ ಚಿತ್ರ ಕಣ್ಣಮುಂದೆ ಬರುತ್ತದೆ. ದೊಡ್ಡದೊಂದು ತಾಯಿಮರ, ಅದರ ನೆರಳಲ್ಲಿ ತಣ್ಣಗೆ ಬೆಳೆಯುವ ಮರಿಗಿಡಗಳು, ಎಲ್ಲಕ್ಕೂ ಎಲ್ಲವೂ ಆಸರೆ. ಚಿತ್ರ ಚೆನ್ನಾಗಿದೆ, ಆದರೆ ನಿಜವಲ್ಲ. ಉಷ್ಣವಲಯದ ಮಳೆಕಾಡಿನಲ್ಲಿ ಎಷ್ಟೋ ಬೀಜಗಳಿಗೆ ತಮ್ಮ ತಾಯಿಮರದ ಬುಡದಷ್ಟು ಅಪಾಯದ ಜಾಗ ಇನ್ನೊಂದಿಲ್ಲ.

ಬೀಜ ಉದುರಿ ಕೆಲವು ವಾರ ಕಳೆದ ಮೇಲೆ ಅಂಥ ಮರದ ಕೆಳಗೆ ಕುಕ್ಕರುಗಾಲಲ್ಲಿ ಕೂತು ನೋಡಬೇಕು. ಬೆರಳುದ್ದದ ಸಸಿಗಳು ಚಾಪೆ ಹಾಸಿದ ಹಾಗೆ ಎದ್ದಿರುತ್ತವೆ. ಒಂದನ್ನು ಹತ್ತಿರದಿಂದ ನೋಡಿ. ಮೇಲಿನ ಎರಡು ಎಲೆ ಇನ್ನೂ ಹಸಿರು. ಆದರೆ ಕಾಂಡ ಮಣ್ಣಿಗೆ ತಾಗುವ ಕಡೆ ಕಂದು ಬಣ್ಣದ ಪಟ್ಟಿ. ಅಲ್ಲಿ ಕಾಂಡ ನೀರು ನೀರಾಗಿ, ಸೊರಗಿ, ದಾರದ ಹಾಗೆ ಆಗಿರುತ್ತದೆ. ಬೆರಳು ತಾಗಿಸಿದರೆ ಸಾಕು, ಸಸಿ ಮಗುಚಿಕೊಳ್ಳುತ್ತದೆ. ಸಸಿಮಡಿ ಮಾಡಿದವರಿಗೆಲ್ಲ ಗೊತ್ತಿರುವ ಕೊಳೆರೋಗ ಇದು. ಮಣ್ಣಿನಲ್ಲಿರುವ ಶಿಲೀಂಧ್ರ ಮತ್ತು ಅಂಥದೇ ಕಣ್ಣಿಗೆ ಕಾಣದ ಜೀವಿಗಳ ಕೆಲಸ. ಇಂದು ಒಂದು ಮೂಲೆಯ ಸಸಿಗಳು ಬಿದ್ದರೆ ನಾಲ್ಕು ದಿನದಲ್ಲಿ ಪಕ್ಕದವು.

ಈ ಸಾವೇ ಕಾಡಿನ ಶ್ರೀಮಂತಿಕೆಯ ಗುಟ್ಟು. ಇದಕ್ಕಿಂತ ಸೊಗಸಾದ ಯೋಚನೆ ಜೀವವಿಜ್ಞಾನದಲ್ಲಿ ನನಗೆ ಇನ್ನೂ ಸಿಕ್ಕಿಲ್ಲ.

ಮೊದಲು ಒಗಟು ಏನೆಂದು ನೋಡೋಣ. ಬ್ರಿಟನ್ನಿನ ನಿಸರ್ಗ ವಿಜ್ಞಾನಿ ಆಲ್‌ಫ್ರೆಡ್ ರಸೆಲ್ ವಾಲೇಸ್ 1848ರಿಂದ ನಾಲ್ಕು ವರ್ಷ ಅಮೆಜಾನ್ ಸುತ್ತಿದ. ವಾಪಸ್ ಹೋಗುವಾಗ ಅಟ್ಲಾಂಟಿಕ್ ನಡುವೆ ಅವನ ಹಡಗಿಗೆ ಬೆಂಕಿ ಬಿತ್ತು. ಜೊತೆಯಲ್ಲಿ ಒಯ್ಯುತ್ತಿದ್ದ ಹಕ್ಕಿ, ಹುಳ, ಟಿಪ್ಪಣಿ ಹೆಚ್ಚುಕಡಿಮೆ ಎಲ್ಲ ಸುಟ್ಟು ಹೋಯಿತು. ಹತ್ತು ದಿನ ಸಣ್ಣ ದೋಣಿಯಲ್ಲಿ ತೇಲಿದ. ಬೇರೆಯವರಾಗಿದ್ದರೆ ಕಾಡಿನ ಸಹವಾಸವೇ ಬೇಡ ಅನ್ನುತ್ತಿದ್ದರು. ಅವನು ಎರಡೇ ವರ್ಷದಲ್ಲಿ ಮಲಯ ದ್ವೀಪಗಳಿಗೆ ಹೊರಟ, ಎಂಟು ವರ್ಷ ಅಲ್ಲೇ ಕಳೆದ. ಅವನು ಗಮನಿಸಿದ್ದರಲ್ಲಿ ಒಂದು ಸಂಗತಿ ಇವತ್ತಿಗೂ ಕಾಡುತ್ತದೆ: ಮಳೆಕಾಡಿನಲ್ಲಿ ಒಂದು ಮರ ನೋಡಿ, ಅದೇ ಜಾತಿಯ ಇನ್ನೊಂದು ಬೇಕು ಅಂತ ಸುತ್ತ ಹುಡುಕಿದರೆ ಸುಲಭಕ್ಕೆ ಸಿಗುವುದಿಲ್ಲ. ಪಕ್ಕದ್ದು ಬೇರೆ ಜಾತಿ, ಅದರ ಪಕ್ಕದ್ದೂ ಬೇರೆ.

ಈಕ್ವೆಡಾರ್‌ನ ಯಾಸುನಿ ಕಾಡಿನಲ್ಲಿ ಬರೀ 25 ಹೆಕ್ಟೇರಿನೊಳಗೆ ಸುಮಾರು 1,100 ಜಾತಿಯ ಮರಗಳು ಸಿಕ್ಕಿವೆ. ಇದು ವಿಚಿತ್ರ ಅಲ್ವಾ? ಎಲ್ಲಕ್ಕೂ ಬೇಕಿರುವುದು ಅದೇ ಬಿಸಿಲು, ಅದೇ ನೀರು, ಅದೇ ಮಣ್ಣು. ಅವುಗಳಲ್ಲಿ ಯಾವುದೋ ಒಂದು ಜಾತಿ ಉಳಿದವಕ್ಕಿಂತ ಸ್ವಲ್ಪವಾದರೂ ಗಟ್ಟಿ ಇರಬೇಕು. ಸಾವಿರಾರು ವರ್ಷದಲ್ಲಿ ಅದೇ ಇಡೀ ಕಾಡನ್ನು ಆವರಿಸಿಕೊಳ್ಳಬೇಕಿತ್ತು. ಯಾಕೆ ಆಗಲಿಲ್ಲ?

ಉತ್ತರ ಇಬ್ಬರು ಜೀವವಿಜ್ಞಾನಿಗಳಿಗೆ ಬೇರೆ ಬೇರೆ ಕಡೆ ಹೊಳೆಯಿತು. ಡೇನಿಯಲ್ ಜಾನ್ಜೆನ್ ಮಧ್ಯ ಅಮೆರಿಕದಲ್ಲಿ ಬೀಜ ಕೊರೆಯುವ ಹುಳಗಳ ಹಿಂದೆ ಬಿದ್ದಿದ್ದರು. ಜೋಸೆಫ್ ಕಾನೆಲ್ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕಾಡಿನಲ್ಲಿ 1963ರಿಂದ ಸಸಿಗಳ ಲೆಕ್ಕ ಇಡುತ್ತಿದ್ದರು. 1970ರಲ್ಲಿ ಜಾನ್ಜೆನ್, 1971ರಲ್ಲಿ ಕಾನೆಲ್ ಒಂದೇ ಮಾತು ಬರೆದರು. ಪ್ರತಿ ಮರಕ್ಕೂ ಅದರದೇ ಆದ ಶತ್ರುಗಳಿವೆ. ಹುಳ, ಶಿಲೀಂಧ್ರ, ಬೀಜ ತಿನ್ನುವ ಪ್ರಾಣಿ. ಇವು ಎಲ್ಲಿ ಜಾಸ್ತಿ? ಊಟ ಇರುವ ಕಡೆ, ಅಂದರೆ ಆ ಮರದ ಸುತ್ತ. ಅಲ್ಲೇ ಬಿದ್ದ ಬೀಜಕ್ಕೆ ಬದುಕುವ ಆಸೆ ಕಡಿಮೆ. ದೂರ ಹೋದ ಬೀಜಕ್ಕೆ ಜಾಸ್ತಿ. ಹಾಗಾಗಿ ತಾಯಿಯ ಸುತ್ತಲಿನ ಜಾಗ ಬೇರೆ ಜಾತಿಗೆ ಬಿಟ್ಟುಹೋಗುತ್ತದೆ.

ಇನ್ನೊಂದು ರೀತಿ ಹೇಳುತ್ತೇನೆ. ಒಂದು ಬೀದಿಯ ಎಲ್ಲ ಮನೆಗೂ ಒಂದೇ ಬೀಗ ಹಾಕಿದ್ದಾರೆ ಅಂದುಕೊಳ್ಳಿ. ಕಳ್ಳನಿಗೆ ಒಂದು ಕೀಲಿಕೈ ಸಿಕ್ಕಿದರೆ ಬೀದಿಯೇ ಖಾಲಿ. ಮನೆಗೊಂದು ಬೀಗ ಇದ್ದರೆ ಅವನು ಒಂದು ಮನೆ ದೋಚಿ, ಮುಂದಿನದು ತೆರೆಯದೆ ವಾಪಸ್ ಹೋಗುತ್ತಾನೆ. ಎಲೆ, ಬೀಜಗಳಲ್ಲಿರುವ ವಿಷವೇ ಮರದ ಬೀಗ. ಅದನ್ನು ಅರಗಿಸಿಕೊಳ್ಳಲು ಕಲಿತ ಹುಳದ ಕೈಯಲ್ಲಿ ಕೀಲಿಕೈ. ಆದರೆ ಒಂದು ವಿಷ ಅರಗಿಸಿಕೊಳ್ಳಲು ಕಲಿತ ಹುಳಕ್ಕೆ ಪಕ್ಕದ ಮರದ ವಿಷ ಅರಗುವುದಿಲ್ಲ.

ಅಥವಾ ಸೋಂಕಿನ ಹಾಗೆ ಯೋಚಿಸಿ. ದಡಾರ ಬಂದ ಮಗು ತುಂಬಿದ ಕೋಣೆಯಲ್ಲಿ ಕೂತರೆ ಎಲ್ಲರಿಗೂ ಅಂಟುತ್ತದೆ. ಅದೇ ಮಕ್ಕಳು ಹತ್ತು ಊರಲ್ಲಿ ಚದುರಿದ್ದರೆ ರೋಗಕ್ಕೆ ದಾರಿ ಸಿಗುವುದಿಲ್ಲ. ಅಥವಾ ತೆರಿಗೆಯ ಹಾಗೆ: ಯಾವ ಜಾತಿಯ ಮರ ಜಾಸ್ತಿ ಆಯಿತೋ ಅದಕ್ಕೆ ಜಾಸ್ತಿ ತೆರಿಗೆ. ಅದರ ಹುಳ, ಅದರ ರೋಗ ಎರಡೂ ಹೆಚ್ಚುತ್ತವೆ, ಸಸಿಗಳು ಹೆಚ್ಚು ಸಾಯುತ್ತವೆ, ಸಂಖ್ಯೆ ಇಳಿಯುತ್ತದೆ. ಅಪರೂಪದ ಜಾತಿಗೆ ತೆರಿಗೆ ಕಡಿಮೆ, ಅದು ಮೆಲ್ಲಗೆ ಏರುತ್ತದೆ. ತಕ್ಕಡಿ ಹಿಡಿದವರು ಯಾರೂ ಇಲ್ಲ, ಆದರೂ ಅದು ಸಮ ಆಗುತ್ತಲೇ ಇರುತ್ತದೆ. ಚಳಿದೇಶದಲ್ಲಿ ಹಿಮ ಬಿದ್ದಾಗ ಹುಳಗಳ ಸಂತೆ ಮುಚ್ಚುತ್ತದೆ. ಉಷ್ಣವಲಯದಲ್ಲಿ ಆ ರಜೆ ಇಲ್ಲ. ಅದಕ್ಕೇ ಅಲ್ಲಿ ಈ ತಕ್ಕಡಿ ಜೋರಾಗಿ ಕೆಲಸ ಮಾಡುತ್ತದೆ ಅನ್ನುವುದು ಜಾನ್ಜೆನ್ ವಾದ.

ಮನೆಗೆ ಮಾರಿ, ಊರಿಗೆ ಉಪಕಾರಿ ಅನ್ನುವ ಗಾದೆ ಇದೆಯಲ್ಲ, ಆ ಶಿಲೀಂಧ್ರಕ್ಕೆ ಅದಕ್ಕಿಂತ ಒಪ್ಪುವ ಮಾತು ಇನ್ನೊಂದಿಲ್ಲ.

ಇದು ಸುಮ್ನೆ ಚೆಂದದ ಕತೆಯಾಗಿ ಉಳಿಯಲಿಲ್ಲ. ಪನಾಮಾದ ಬಾರೊ ಕೊಲೊರಾಡೊ ದ್ವೀಪದಲ್ಲಿ ಕೆರಲ್ ಆಗ್‌ಸ್ಪರ್ಗರ್ 1980ರ ದಶಕದಲ್ಲಿ ಪ್ಲಾಟಿಪೋಡಿಯಂ ಅನ್ನುವ ಮರದ ಸಸಿಗಳನ್ನು ಗುರುತು ಹಾಕಿ ನೋಡಿದರು. ಅದರ ಬೀಜಕ್ಕೆ ರೆಕ್ಕೆ ಇದೆ, ಗಾಳಿಯಲ್ಲಿ ತೇಲುತ್ತದೆ. ತಾಯಿಯ ಹತ್ತಿರ ಬಿದ್ದವು ಕೊಳೆರೋಗದಿಂದ ಸತ್ತವು, ದೂರ ತೇಲಿದವುಗಳಲ್ಲಿ ಜಾಸ್ತಿ ಉಳಿದವು. ಆಮೇಲೆ ಬೆಲಿಝ್ ದೇಶದ ಕಾಡಿನಲ್ಲಿ ಬೇರೆ ವಿಜ್ಞಾನಿಗಳು ಇನ್ನೂ ನೇರವಾದ ಪರೀಕ್ಷೆ ಮಾಡಿದರು. ನೆಲದ ಕೆಲವು ತುಂಡುಗಳಿಗೆ ಶಿಲೀಂಧ್ರನಾಶಕ ಸಿಂಪಡಿಸಿದರು, ಕೆಲವಕ್ಕೆ ಬರೀ ನೀರು. ಮದ್ದು ಹೊಡೆದ ಕಡೆ ಸಸಿಗಳ ವೈವಿಧ್ಯ ಶೇಕಡಾ 16ರಷ್ಟು ಕುಸಿಯಿತು. 2014ರಲ್ಲಿ ಇದು ಪ್ರಕಟವಾಯಿತು. ರೋಗ ತೆಗೆದರೆ ಕಾಡು ಬಡವಾಗುತ್ತದೆ! ಮೊದಲ ಸಲ ಓದಿದಾಗ ಆ ಪುಟವನ್ನು ಎರಡು ಸಲ ಓದಿದ್ದೆ.

ಇದನ್ನೆಲ್ಲ ತಿಳಿಯದೆ ಹೋಗಿ ಪಾಠ ಕಲಿತವರ ಕತೆಯೂ ಇದೆ. ರಬ್ಬರ್ ಮರ ಅಮೆಜಾನಿನದು. ಅಲ್ಲಿ ಒಂದರಿಂದ ಒಂದು ದೂರ ದೂರ ಬೆಳೆಯುತ್ತದೆ. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಸುಮಾರು 70,000 ಬೀಜಗಳನ್ನು ಲಂಡನ್ನಿನ ಕ್ಯೂ ತೋಟಕ್ಕೆ ಸಾಗಿಸಿದ. ಮೊಳೆತ ಸಸಿಗಳು ಏಷ್ಯಾಕ್ಕೆ ಬಂದವು, ಸಾಲು ಸಾಲಾಗಿ ನೆಟ್ಟರು, ಸೊಂಪಾಗಿ ಬೆಳೆದವು. 1928ರಲ್ಲಿ ಕಾರು ಮಾಡುವ ಹೆನ್ರಿ ಫೋರ್ಡ್ ಯೋಚಿಸಿದ: ಹುಟ್ಟೂರಲ್ಲೇ ಬೆಳೆದರೆ ಇನ್ನೂ ಚೆನ್ನಾಗಿ ಬರಬೇಕಲ್ಲ? ಬ್ರೆಜಿಲ್‌ನ ತಪಜೋಸ್ ನದಿ ದಡದಲ್ಲಿ ಕಾಡು ಕಡಿಸಿ ಫೋರ್ಡ್‌ಲಾಂಡಿಯಾ ಅನ್ನುವ ಊರನ್ನೇ ಕಟ್ಟಿಸಿದ, ರಬ್ಬರ್ ಸಸಿಗಳನ್ನು ಒತ್ತೊತ್ತಾಗಿ ನೆಡಿಸಿದ. ಮರಗಳ ಕೊಂಬೆ ಒಂದಕ್ಕೊಂದು ತಾಗುವ ಹೊತ್ತಿಗೆ ಎಲೆರೋಗ ಬಂತು. ಒಂದು ಮರದಿಂದ ಇನ್ನೊಂದಕ್ಕೆ ಹಬ್ಬುತ್ತಾ ತೋಟವೇ ಬೋಳಾಯಿತು. 1945ರಲ್ಲಿ ಕಂಪನಿ ಎಲ್ಲವನ್ನೂ ಬ್ರೆಜಿಲ್ ಸರ್ಕಾರಕ್ಕೆ ಪುಡಿಗಾಸಿಗೆ ಮಾರಿ ಹೊರಟಿತು. ಮರ ಅದೇ, ಹವೆಯೂ ಒಗ್ಗುವಂಥದೇ. ಏಷ್ಯಾಕ್ಕೆ ಬೀಜ ಬಂದಿತ್ತು, ಅದರ ಶತ್ರು ಬಂದಿರಲಿಲ್ಲ. ಅಷ್ಟೇ ವ್ಯತ್ಯಾಸ.

ಈಗ ಕತೆಯ ಇನ್ನೊಂದು ಅರ್ಧ. ಬೀಜ ತಾಯಿಯಿಂದ ದೂರ ಹೋಗಬೇಕು, ಸರಿ. ಯಾರು ಒಯ್ಯುತ್ತಾರೆ? ಗಾಳಿ ಹಗುರ ಬೀಜಗಳನ್ನು ಮಾತ್ರ ಒಯ್ಯಬಲ್ಲದು. ಉಳಿದ ಹೆಚ್ಚಿನ ಮರಗಳಿಗೆ ಪ್ರಾಣಿಗಳೇ ಗತಿ. ಮಂಗ, ಬಾವಲಿ, ಮಂಗಟ್ಟೆ, ಆನೆ. ಬಾರೊ ಕೊಲೊರಾಡೊದಲ್ಲಿ ಅಗೂಟಿ ಅನ್ನುವ ಪ್ರಾಣಿ ಇದೆ. ಇಲಿಯ ವಂಶ, ಗಾತ್ರ ಮೊಲದಷ್ಟು. ಹಣ್ಣು ಸಿಕ್ಕಾಗ ತಿಂದು, ಮಿಕ್ಕ ಬೀಜಗಳನ್ನು ಒಂದೊಂದಾಗಿ ಮಣ್ಣಲ್ಲಿ ಹೂತಿಡುತ್ತದೆ. ಒಂದು ತಾಳೆ ಜಾತಿಯ ಬೀಜಗಳಿಗೆ ಸಣ್ಣ ರೇಡಿಯೊ ಕಟ್ಟಿ ವಿಜ್ಞಾನಿಗಳು ಬೆನ್ನು ಹತ್ತಿದರು. ಅಗೂಟಿಗಳು ಒಂದರ ಬೀಜವನ್ನು ಇನ್ನೊಂದು ಕದಿಯುತ್ತವೆ, ಬೇರೆ ಕಡೆ ಹೂಳುತ್ತವೆ, ಅಲ್ಲಿಂದ ಮತ್ತೊಂದು ಕದಿಯುತ್ತದೆ. ಒಂದು ಬೀಜವಂತೂ 36 ಸಲ ಜಾಗ ಬದಲಿಸಿ, ಒಟ್ಟು 749 ಮೀಟರ್ ಓಡಾಡಿ, ಕೊನೆಗೆ ಹೊರಟಲ್ಲಿಂದ 280 ಮೀಟರ್ ದೂರದಲ್ಲಿತ್ತು. ಕಳ್ಳತನದಿಂದಲೇ ಬೀಜಕ್ಕೆ ಹೊಸ ಊರು.

ಬೇಟೆಯಾಡಿ ಇಂಥ ಪ್ರಾಣಿಗಳನ್ನು ಮುಗಿಸಿದರೆ ಏನಾಗುತ್ತದೆ? ಮೇಲಿಂದ ನೋಡಿದರೆ ಕಾಡು ಹಸಿರಾಗೇ ಇರುತ್ತದೆ. ಉಪಗ್ರಹದ ಚಿತ್ರದಲ್ಲೂ ಹಸಿರೇ. ಒಳಗೆ ಮಾತ್ರ ಬೀಜಗಳು ತಾಯಿಯ ಬುಡದಲ್ಲೇ ಬಿದ್ದು ಕೊಳೆಯುತ್ತಿರುತ್ತವೆ. 1992ರಲ್ಲಿ ಕೆಂಟ್ ರೆಡ್‌ಫರ್ಡ್ ಇದಕ್ಕೆ ಖಾಲಿ ಕಾಡು ಅಂತ ಹೆಸರಿಟ್ಟರು. ಅದಕ್ಕೇ ಒಂದೇ ಜಾತಿಯ ಸಸಿಗಳನ್ನು ಸಾಲಾಗಿ ನೆಟ್ಟು, ಫೋಟೋ ತೆಗೆಸಿಕೊಂಡು, ಕಾಡು ಬೆಳೆಸಿದೆವು ಅನ್ನುವವರನ್ನು ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ. ಅದು ತೋಟ. ತೋಟ ಬೇಕು, ಬೇಡ ಅನ್ನುತ್ತಿಲ್ಲ. ಆದರೆ ಕಾಡಿಗೆ ಅದರ ಹುಳವೂ ಬೇಕು, ಬೂಷ್ಟೂ ಬೇಕು, ಕಳ್ಳ ಅಗೂಟಿಯೂ ಬೇಕು.

ಇಷ್ಟೆಲ್ಲ ಗೊತ್ತಾದದ್ದು ಲೆಕ್ಕ ಇಟ್ಟವರಿಂದ. ಬಾರೊ ಕೊಲೊರಾಡೊ ಮೊದಲು ಗುಡ್ಡವಾಗಿತ್ತು. ಪನಾಮಾ ಕಾಲುವೆಗಾಗಿ ಚಾಗ್ರೆಸ್ ನದಿಗೆ ಅಣೆಕಟ್ಟು ಕಟ್ಟಿದಾಗ ಸುತ್ತ ನೀರು ನಿಂತು ದ್ವೀಪವಾಯಿತು. 1923ರಲ್ಲಿ ಅದನ್ನು ಸಂಶೋಧನೆಗೆ ಅಂತಲೇ ಕಾಯ್ದಿಟ್ಟರು, 1946ರಿಂದ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆ ನೋಡಿಕೊಳ್ಳುತ್ತಿದೆ. 1980ರ ಸುಮಾರಿಗೆ ಸ್ಟೀಫನ್ ಹಬೆಲ್ ಮತ್ತು ರಾಬಿನ್ ಫಾಸ್ಟರ್ ಅಲ್ಲಿ 50 ಹೆಕ್ಟೇರ್ ಅಳೆದು, ಕನಿಷ್ಠ ಒಂದು ಸೆಂಟಿಮೀಟರ್ ದಪ್ಪ ಇರುವ ಪ್ರತಿ ಗಿಡಕ್ಕೂ ನಂಬರ್ ಹಾಕಿಸಿದರು. ಪೆನ್ಸಿಲ್‌ಗಿಂತ ಒಂಚೂರು ದಪ್ಪ, ಅಷ್ಟೇ. ಎರಡು ಲಕ್ಷಕ್ಕೂ ಹೆಚ್ಚು ಗಿಡ, ಸುಮಾರು 300 ಜಾತಿ. 1985ರಿಂದ ಐದು ವರ್ಷಕ್ಕೊಮ್ಮೆ ಮತ್ತೆ ಎಣಿಸುತ್ತಾರೆ. ಇದೇ ಮಾದರಿಯಲ್ಲಿ 1988ರಲ್ಲಿ ಮುದುಮಲೈ ಕಾಡಿನಲ್ಲೂ 50 ಹೆಕ್ಟೇರ್ ಗುರುತಾಯಿತು. ಈಗ ಜಗತ್ತಿನಲ್ಲಿ ಇಂಥ 70ಕ್ಕೂ ಹೆಚ್ಚು ತಾಣಗಳಿವೆ. ಹಬೆಲ್ ಆಮೇಲೆ ಬೇರೆಯದೇ ವಾದ ಮುಂದಿಟ್ಟರು. ಜಾತಿ ಜಾತಿಗಳ ನಡುವೆ ಅಂಥ ವ್ಯತ್ಯಾಸ ಬೇಕಿಲ್ಲ, ಅದೃಷ್ಟದ ಆಟವೇ ಬಹಳಷ್ಟನ್ನು ವಿವರಿಸುತ್ತದೆ ಅಂದರು. ಆ ಜಗಳ ಪೂರ್ತಿ ತೀರಿಲ್ಲ. ಎರಡು ಕಡೆಯವರೂ ತೆರೆದು ನೋಡುವುದು ಅದೇ 50 ಹೆಕ್ಟೇರಿನ ಲೆಕ್ಕದ ಪುಸ್ತಕವನ್ನು. ಅದರ ಬೆಲೆ ಅಷ್ಟು.

ಕಲಿಸುವ ಕೆಲಸವೂ ಇಷ್ಟೇ ಮುಖ್ಯ. 1963ರಲ್ಲಿ ಅಮೆರಿಕ ಮತ್ತು ಕೋಸ್ಟರಿಕಾದ ವಿಶ್ವವಿದ್ಯಾಲಯಗಳು ಸೇರಿ ಉಷ್ಣವಲಯ ಅಧ್ಯಯನ ಸಂಘಟನೆ ಕಟ್ಟಿದವು. ವಿದ್ಯಾರ್ಥಿಗಳನ್ನು ವಾರಗಟ್ಟಲೆ ಕಾಡಿನಲ್ಲೇ ಇಟ್ಟು ಪಾಠ ಮಾಡಿದವು. ಜಾನ್ಜೆನ್ ಮತ್ತು ಅವರ ಹೆಂಡತಿ ವಿನಿ ಹಾಲ್‌ವಾಕ್ಸ್ ಕೋಸ್ಟರಿಕಾದ ಗ್ವಾನಕಾಸ್ಟೆಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಡಿಗ್ರಿ ಇಲ್ಲದ ಹಳ್ಳಿಯವರಿಗೇ ತರಬೇತಿ ಕೊಟ್ಟು, ಸಂಬಳದ ಮೇಲೆ ಕಂಬಳಿಹುಳು ಸಾಕಲು ಹಚ್ಚಿದರು. ಒಂದೊಂದು ಹುಳ ಒಂದೊಂದು ಪ್ಲಾಸ್ಟಿಕ್ ಚೀಲದಲ್ಲಿ, ಅದು ಯಾವ ಗಿಡದ ಮೇಲೆ ಸಿಕ್ಕಿತೋ ಅದೇ ಎಲೆಯ ಜೊತೆ. ಇಪ್ಪತ್ತೈದು ವರ್ಷ ಹೀಗೆ ಸಾಕಿದ ಮೇಲೆ 2004ರಲ್ಲಿ ಡಿಎನ್‌ಎ ನೋಡಿದರೆ, ಒಂದೇ ಜಾತಿ ಅಂದುಕೊಂಡಿದ್ದ ಒಂದು ಚಿಟ್ಟೆ ಹತ್ತು ಜಾತಿ! ಚಿಟ್ಟೆಯಾದ ಮೇಲೆ ಎಲ್ಲ ಹೆಚ್ಚುಕಡಿಮೆ ಒಂದೇ ಥರ. ಮರಿಹುಳದ ಬಣ್ಣ ಬೇರೆ, ತಿನ್ನುವ ಗಿಡ ಬೇರೆ. ಬೀಗಕ್ಕೆ ತಕ್ಕ ಕೀಲಿಕೈ ಅಂದೆನಲ್ಲ, ಅದು ಆ ಚೀಲಗಳಲ್ಲಿ ನೇತಾಡುತ್ತಿತ್ತು.

ಇಂಥ ಕೆಲಸಕ್ಕೆ ಹಣ ಹುಟ್ಟುವುದು ಕಷ್ಟ. ಹುಲಿಗೆ, ಆನೆಗೆ ಕೊಡುವವರಿದ್ದಾರೆ, ಕೊಡಲೂ ಬೇಕು. ಸತ್ತ ಸಸಿ ಎಣಿಸಲು ಯಾರು ಕೊಡುತ್ತಾರೆ? ಸಂಶೋಧನೆಗೆ ಹಣ ಸಿಗುವುದೂ ಸಾಮಾನ್ಯವಾಗಿ ಮೂರು ನಾಲ್ಕು ವರ್ಷದ ಲೆಕ್ಕದಲ್ಲಿ. ಮರದ ಆಯುಷ್ಯ ನೂರಾರು ವರ್ಷ. ನಡುವೆ ಒಂದು ಎಣಿಕೆ ತಪ್ಪಿದರೆ ಆ ಐದು ವರ್ಷ ಮತ್ತೆ ಸಿಗುವುದಿಲ್ಲ. ಬೇಕಿರುವುದು ದೊಡ್ಡ ಯಂತ್ರವಲ್ಲ. ಅಳತೆಪಟ್ಟಿ, ಹಗ್ಗ, ಅಲ್ಯೂಮಿನಿಯಂ ಬಿಲ್ಲೆ, ಮಳೆಯಲ್ಲಿ ನೆನೆಯದ ಕಾಗದ, ಮತ್ತೆ ಎಲೆ ಮುಟ್ಟಿ ಜಾತಿ ಹೇಳಬಲ್ಲ ಹತ್ತು ಜನರಿಗೆ ತಪ್ಪದ ಸಂಬಳ.

ಎಣಿಕೆಯ ವರ್ಷದಲ್ಲಿ ಅವರು ಸಾಲಾಗಿ ಹೊರಡುತ್ತಾರೆ. ಹಿಂದಿನ ಪಟ್ಟಿ ಕೈಯಲ್ಲಿರುತ್ತದೆ. ಕೆಲವು ಕಡೆ ಗಿಡ ಒಂದಿಷ್ಟು ದಪ್ಪಗಾಗಿರುತ್ತದೆ. ಕೆಲವು ಕಡೆ ಗಿಡವೇ ಇರುವುದಿಲ್ಲ. ಮಂಡಿಯೂರಿ ಕೊಳೆತ ಎಲೆಗಳನ್ನು ಕೆದಕಿದರೆ ನಂಬರಿನ ಬಿಲ್ಲೆ ಸಿಗುತ್ತದೆ. ಮಣ್ಣು ಒರೆಸಿ ಓದುತ್ತಾರೆ. ಪಟ್ಟಿಯಲ್ಲಿ ಆ ನಂಬರಿನ ಮುಂದೆ ಸತ್ತಿದೆ ಅಂತ ಬರೆಯುತ್ತಾರೆ. ಅದೇ ಜಾತಿಯ ದೊಡ್ಡ ಮರ ಅಲ್ಲಿಂದ ಎಷ್ಟು ಮೀಟರ್ ದೂರ ಅನ್ನುವುದು ನಕ್ಷೆಯಲ್ಲಿ ಮೊದಲೇ ಇರುತ್ತದೆ.