‘ಬ್ರೆಕ್ಸಿಟ್ ಲಾಭ’ ಅಂದರೆ ಏನು?

ಸ್ಯಾನಿಟರಿ ಪ್ಯಾಡ್‌ನ ಒಂದು ಪ್ಯಾಕೆಟ್‌ನಿಂದ ಶುರು ಮಾಡೋಣ. ನಮ್ಮಲ್ಲಿ ಜಿಎಸ್‌ಟಿ ಬಂದಾಗ ಪ್ಯಾಡ್ ಮೇಲೆ ಶೇ 12 ತೆರಿಗೆ ಹಾಕಿದ್ದರು. ಹೆಣ್ಣುಮಕ್ಕಳು ಪಟ್ಟು ಬಿಡದೆ ಕೇಳಿದರು, 2018ರ ಜುಲೈನಲ್ಲಿ ಅದು ಹೋಯಿತು. ಬ್ರಿಟನ್ನಿನ ಹೆಂಗಸರೂ ಇದನ್ನೇ ವರ್ಷಗಟ್ಟಲೆ ಕೇಳುತ್ತಾ ಬಂದಿದ್ದರು. ಅಲ್ಲಿನ ಸರ್ಕಾರ 2001ರಲ್ಲಿ ತೆರಿಗೆಯನ್ನು ಶೇ 5ಕ್ಕೆ ಇಳಿಸಿತು. ಅದಕ್ಕಿಂತ ಕೆಳಗೆ ಇಳಿಸಲು ಅದರ ಕೈ ಕಟ್ಟಿತ್ತು. ಬ್ರಿಟನ್ ಆಗ ಯುರೋಪಿಯನ್ ಒಕ್ಕೂಟದ ಸದಸ್ಯ ದೇಶ. ಒಕ್ಕೂಟದ ವ್ಯಾಟ್ ನಿಯಮದ ಪ್ರಕಾರ ಶೇ 5ಕ್ಕಿಂತ ಕಡಿಮೆ ಮಾಡುವಂತಿರಲಿಲ್ಲ.

ಬ್ರಿಟನ್ ಒಕ್ಕೂಟ ಬಿಟ್ಟಿತು. ಹಾಗೆ ಬಿಟ್ಟದ್ದಕ್ಕೇ ‘ಬ್ರೆಕ್ಸಿಟ್’ ಎಂಬ ಹೆಸರು. 2021ರ ಜನವರಿ 1ರಂದು, ಒಕ್ಕೂಟದ ನಿಯಮಗಳಿಂದ ಹೊರಬಂದ ಮೊದಲ ದಿನವೇ, ಈ ತೆರಿಗೆಯನ್ನು ಪೂರ್ತಿ ತೆಗೆದುಹಾಕಿತು. ಇದನ್ನು ಅಲ್ಲಿನ ಮಂತ್ರಿಗಳು ‘ಬ್ರೆಕ್ಸಿಟ್ ಬೆನಿಫಿಟ್’ ಎಂದು ಕರೆದರು. ಕನ್ನಡದಲ್ಲಿ ‘ಬ್ರೆಕ್ಸಿಟ್ ಲಾಭ’ ಅನ್ನೋಣ. ಒಕ್ಕೂಟ ಬಿಟ್ಟದ್ದರಿಂದಲೇ ದೇಶಕ್ಕೆ ಸಿಕ್ಕ ಒಳ್ಳೆಯದು ಎಂಬುದು ಈ ಪದದ ಅರ್ಥ.

ಆ ‘ಇಂದಲೇ’ ಎಂಬ ಕಡೆಯೇ ಜಗಳ ಇರುವುದು. ಅದೇ ಪ್ಯಾಕೆಟ್ ಮತ್ತೆ ಕೈಗೆ ತಗೊಳ್ಳಿ. ಪಕ್ಕದ ಐರ್ಲೆಂಡ್ ಒಕ್ಕೂಟದ ಒಳಗೇ ಇತ್ತು, ಈಗಲೂ ಇದೆ. ಅಲ್ಲಿ ಪ್ಯಾಡ್ ಮೇಲೆ ವ್ಯಾಟ್ ಸೊನ್ನೆ. ಕನಿಷ್ಠ ದರದ ನಿಯಮ ಬರುವ ಮುಂಚೆಯೇ ಅವರು ಸೊನ್ನೆ ಮಾಡಿಕೊಂಡಿದ್ದರು, ಹಾಗಾಗಿ ಅದು ಉಳಿಯಿತು. ಇನ್ನೊಂದು ಕಡೆ, 2022ರ ಏಪ್ರಿಲ್‌ನಲ್ಲಿ ಒಕ್ಕೂಟವೇ ತನ್ನ ವ್ಯಾಟ್ ನಿಯಮ ಬದಲಿಸಿತು. ಈಗ ಯಾವ ಸದಸ್ಯ ದೇಶ ಬೇಕಾದರೂ ಪ್ಯಾಡ್ ಮೇಲಿನ ತೆರಿಗೆಯನ್ನು ಸೊನ್ನೆಗೆ ತರಬಹುದು. ಅಂದರೆ ಬ್ರಿಟನ್ನಿಗೆ ಸಿಕ್ಕಿದ್ದು ಸುಮಾರು ಹದಿನೈದು ತಿಂಗಳ ಮುಂಗಡ. ಸರ್ಕಾರದ ಲೆಕ್ಕದಲ್ಲಿ ಹನ್ನೆರಡು ಪ್ಯಾಡ್‌ನ ಪ್ಯಾಕೆಟ್‌ಗೆ 5 ಪೆನ್ಸ್ ಕಡಿಮೆ ಆಗಬೇಕಿತ್ತು. ಆಮೇಲೆ ಅಂಗಡಿ ಬೆಲೆಗಳನ್ನು ಕೂಡಿ ಕಳೆದು ನೋಡಿದವರು, ಉಳಿದ ದುಡ್ಡಿನಲ್ಲಿ ಹೆಚ್ಚಿನ ಪಾಲು ಅಂಗಡಿಯವರ ಹತ್ತಿರವೇ ನಿಂತಿತು ಅಂದರು.

ಹಾಗಾದರೆ ಇದು ಲಾಭ ಹೌದೋ ಅಲ್ಲವೋ? ನನ್ನ ಪ್ರಕಾರ ಹೌದು. ಚಿಕ್ಕದು, ಆದರೆ ಹೌದು. ಈ ಪದವನ್ನು ಎಲ್ಲೇ ಕಂಡರೂ ಮೂರು ಮಾತು ಕೇಳಿಕೊಳ್ಳಬೇಕು ಅನ್ನುವುದನ್ನು ನಾನು ಕಲಿತದ್ದು ಈ ಪ್ಯಾಕೆಟ್‌ನಿಂದಲೇ. ಒಳಗಿದ್ದುಕೊಂಡು ಇದನ್ನು ಮಾಡಲು ಆಗುತ್ತಿರಲಿಲ್ಲವೇ? ಹೇಳಿದ್ದು ನಿಜವಾಗಿ ನಡೆಯಿತೇ? ನಡೆದಿದ್ದರೆ ಯಾರ ಕೈ ಸೇರಿತು?

ಪದದ ಹುಟ್ಟನ್ನೂ ಸ್ವಲ್ಪ ನೋಡಿಬಿಡೋಣ. 2012ರಲ್ಲಿ ಗ್ರೀಸ್ ಸಾಲದಲ್ಲಿ ಮುಳುಗಿತ್ತು. ಅದು ಯೂರೋ ಎಂಬ ಸಾಮಾನ್ಯ ನಾಣ್ಯವನ್ನು ಬಿಟ್ಟು ಹೋಗಬಹುದು ಎಂಬ ಮಾತಿಗೆ ‘ಗ್ರೆಕ್ಸಿಟ್’ ಎಂದು ಹೆಸರಿಟ್ಟರು. ಅದನ್ನೇ ನೋಡಿ ಅದೇ ವರ್ಷ ಬ್ರಿಟನ್ನಿಗೆ ‘ಬ್ರೆಕ್ಸಿಟ್’ ಅಂದರು. 2016ರ ಜೂನ್ 23ರಂದು ಜನಮತಗಣನೆ ನಡೆಯಿತು. ಬಿಡೋಣ ಅಂದವರು ಶೇ 51.9, ಇರೋಣ ಅಂದವರು ಶೇ 48.1. ಬ್ರಿಟನ್ 1973ರಲ್ಲಿ ಸೇರಿತ್ತು, 2020ರ ಜನವರಿ 31ರಂದು ಹೊರಬಂತು. ಹಳೆಯ ನಿಯಮಗಳು ಮಾತ್ರ ಆ ವರ್ಷದ ಕೊನೆಯವರೆಗೂ ನಡೆದವು.

‘ಲಾಭ’ ಎಂಬ ಬಾಲ ಸೇರಿಕೊಂಡದ್ದಕ್ಕೆ ಒಂದು ಕೆಂಪು ಬಸ್ಸೂ ಕಾರಣ. ಪ್ರಚಾರದ ಸಮಯದಲ್ಲಿ ಆ ಬಸ್ಸಿನ ಮೈಮೇಲೆ ದೊಡ್ಡದಾಗಿ ಬರೆಸಿದ್ದರು: ನಾವು ವಾರಕ್ಕೆ 35 ಕೋಟಿ ಪೌಂಡ್ ಒಕ್ಕೂಟಕ್ಕೆ ಕಳಿಸುತ್ತಿದ್ದೇವೆ, ಅದನ್ನು ನಮ್ಮ ಎನ್‌ಎಚ್‌ಎಸ್‌ಗೆ, ಅಂದರೆ ಸರ್ಕಾರಿ ಆರೋಗ್ಯ ಸೇವೆಗೆ ಕೊಡೋಣ ಎಂದು. ಅಡಿಕೆ ಬೆಳೆಯುವವರಿಗೆ ಈ ಲೆಕ್ಕದ ತಪ್ಪು ಬೇಗ ಗೊತ್ತಾಗುತ್ತದೆ. ಮಂಡಿಯಲ್ಲಿ ಎಣಿಸಿ ಕೊಟ್ಟ ದುಡ್ಡೆಲ್ಲ ಲಾಭ ಅಲ್ಲ. ಕೊಯ್ಲು, ಸುಲಿತ, ಬಾಡಿಗೆ ಎಲ್ಲ ಕಳೆದ ಮೇಲೆ ಉಳಿದದ್ದು ಲಾಭ. ಬ್ರಿಟನ್ನಿಗೆ 1984ರಲ್ಲಿ ಮಾರ್ಗರೆಟ್ ಥ್ಯಾಚರ್ ಗಲಾಟೆ ಮಾಡಿ ತಂದ ರಿಯಾಯಿತಿ ಇತ್ತು. ಆ ದುಡ್ಡು ದೇಶ ಬಿಟ್ಟು ಹೋಗುತ್ತಲೇ ಇರಲಿಲ್ಲ. ಅದನ್ನು ಕಳೆದರೆ ವಾರಕ್ಕೆ ಸುಮಾರು 25 ಕೋಟಿ. ಅದರಲ್ಲೂ ಒಂದಷ್ಟು ರೈತರ ಸಬ್ಸಿಡಿ, ಹಿಂದುಳಿದ ಪ್ರದೇಶಗಳ ಅನುದಾನ, ವಿಶ್ವವಿದ್ಯಾಲಯಗಳ ಸಂಶೋಧನೆಯ ಹಣ ಎಂದು ವಾಪಸ್ ಬರುತ್ತಿತ್ತು. ದೇಶದ ಅಂಕಿಅಂಶ ಪ್ರಾಧಿಕಾರವೇ ಈ ಬರಹ ದಾರಿ ತಪ್ಪಿಸುವಂಥದ್ದು ಎಂದಿತು. ಆದರೂ 2018ರಲ್ಲಿ ಪ್ರಧಾನಿ ತೆರೇಸಾ ಮೇ ಆರೋಗ್ಯ ಸೇವೆಗೆ ಹೆಚ್ಚಿನ ಹಣ ಘೋಷಿಸುವಾಗ ‘ಬ್ರೆಕ್ಸಿಟ್ ಡಿವಿಡೆಂಡ್’ ಎಂಬ ಮಾತು ಬಳಸಿದರು. 2022ರ ಫೆಬ್ರುವರಿಯಲ್ಲಿ ‘ಬ್ರೆಕ್ಸಿಟ್ ಅವಕಾಶಗಳ ಮಂತ್ರಿ’ ಎಂಬ ಹುದ್ದೆಯೇ ಹುಟ್ಟಿತು. ಜೇಕಬ್ ರೀಸ್-ಮಾಗ್ ಅದನ್ನು ವಹಿಸಿಕೊಂಡರು. ಆ ಹುದ್ದೆ ಅದೇ ಸೆಪ್ಟೆಂಬರ್‌ನಲ್ಲಿ ಮುಗಿದೂ ಹೋಯಿತು.

ಈಗ, ಒಕ್ಕೂಟ ಬಿಡುವುದು ಅಂದರೆ ನಿಜಕ್ಕೂ ಏನನ್ನು ಬಿಡುವುದು? ಜಿಎಸ್‌ಟಿ ಬರುವ ಮುಂಚಿನ ರಾಜ್ಯದ ಗಡಿಗಳನ್ನು ನೆನಪು ಮಾಡಿಕೊಳ್ಳಿ. ಚೆಕ್‌ಪೋಸ್ಟ್ ಮುಂದೆ ಲಾರಿಗಳ ಸಾಲು. ಡ್ರೈವರ್‌ಗಳು ಕೈಯಲ್ಲಿ ಕಾಗದ ಹಿಡಿದು ಕಾಯುತ್ತಿದ್ದರು. ಯುರೋಪಿನ ಒಂದೇ ಮಾರುಕಟ್ಟೆ ಅಂದರೆ ಅಂಥ ಚೆಕ್‌ಪೋಸ್ಟ್‌ಗಳನ್ನು ದೇಶ ದೇಶಗಳ ನಡುವೆಯೇ ತೆಗೆದುಹಾಕಿದ್ದು. ಸ್ಕಾಟ್ಲೆಂಡಿನ ಮೀನು ಸಂಜೆ ಲಾರಿ ಹತ್ತಿದರೆ ಫ್ರಾನ್ಸಿನ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ ಕಸ್ಟಮ್ಸ್ ಅರ್ಜಿ ಇಲ್ಲ, ಆರೋಗ್ಯ ಪ್ರಮಾಣಪತ್ರ ಇಲ್ಲ. ಬ್ರೆಕ್ಸಿಟ್ ಆದ ಮೇಲೆ ಚೆಕ್‌ಪೋಸ್ಟ್ ವಾಪಸ್ ಬಂತು. 2020ರ ಡಿಸೆಂಬರ್ 24ರಂದು ಆದ ಒಪ್ಪಂದದಿಂದ ಸುಂಕ ಬೀಳಲಿಲ್ಲ, ನಿಜ. ಆದರೆ ಕಾಗದಪತ್ರ, ತಪಾಸಣೆ, ಕಾಯುವುದು ಎಲ್ಲ ಬಂತು. ದೊಡ್ಡ ಕಂಪನಿಗಳು ಅದಕ್ಕೆಂದೇ ಜನ ಇಟ್ಟುಕೊಂಡವು. ಮನೆಮಟ್ಟದ ಚೀಸ್ ತಯಾರಕನಿಗೆ ಅದು ಆಗುವ ಮಾತಲ್ಲ.

ಲಾಭದ ಪಟ್ಟಿಯಲ್ಲಿ ಸುಮ್ನೆ ಸೇರಿಕೊಂಡ ಎರಡು ವಿಷಯ ಹೇಳಿ ಮುಂದೆ ಹೋಗುತ್ತೇನೆ. ಒಂದು, ನೀಲಿ ಪಾಸ್‌ಪೋರ್ಟ್. ಕಡುಗೆಂಪು ಬಣ್ಣ ಹೋಗಿ 2020ರಲ್ಲಿ ಹಳೆಯ ನೀಲಿ ಬಂದಾಗ ತುಂಬ ಜನ ಸಂಭ್ರಮಪಟ್ಟರು. ಒಕ್ಕೂಟ ಆ ಬಣ್ಣವನ್ನು ಕಡ್ಡಾಯ ಮಾಡಿರಲೇ ಇಲ್ಲ. ಕ್ರೊಯೇಷಿಯಾ ಒಳಗಿದ್ದುಕೊಂಡೇ ನೀಲಿ ಇಟ್ಟುಕೊಂಡಿದೆ. ಹೊಸ ಪುಸ್ತಕಗಳ ಗುತ್ತಿಗೆ ಸಿಕ್ಕಿದ್ದು ಫ್ರಾನ್ಸ್ ಮೂಲದ ಕಂಪನಿಗೆ, ತಯಾರಾದದ್ದು ಪೋಲೆಂಡಿನಲ್ಲಿ. ಇನ್ನೊಂದು, ಕೋವಿಡ್ ಲಸಿಕೆ. 2020ರ ಡಿಸೆಂಬರ್ 2ರಂದು ಫೈಜರ್ ಲಸಿಕೆಗೆ ಬ್ರಿಟನ್ ಎಲ್ಲರಿಗಿಂತ ಮುಂಚೆ ಅನುಮತಿ ಕೊಟ್ಟಿತು. ಬ್ರೆಕ್ಸಿಟ್‌ನಿಂದಲೇ ಇದು ಸಾಧ್ಯವಾಯಿತು ಎಂದು ಆರೋಗ್ಯ ಮಂತ್ರಿ ಹೇಳಿದರು. ಆ ದಿನ ಬ್ರಿಟನ್ ಇನ್ನೂ ಒಕ್ಕೂಟದ ನಿಯಮಗಳ ಅಡಿಯಲ್ಲೇ ಇತ್ತು. ತುರ್ತು ಅನುಮತಿ ಕೊಡಲು ಆ ನಿಯಮಗಳಲ್ಲೇ ಅವಕಾಶ ಇತ್ತು ಎಂದು ಔಷಧ ನಿಯಂತ್ರಣ ಸಂಸ್ಥೆಯ ಮುಖ್ಯಸ್ಥೆಯೇ ಸ್ಪಷ್ಟ ಮಾಡಿದರು. ಒಕ್ಕೂಟದ ಜೊತೆ ಸೇರಿ ಲಸಿಕೆ ಕೊಳ್ಳದೆ ತಾನೇ ಬೇಗ ಕೊಂಡದ್ದರಲ್ಲಿ ಮಾತ್ರ ಹೊರಗಿದ್ದವರ ಚುರುಕು ಕಾಣುತ್ತದೆ.

ನನಗೆ ನಿಜವಾದ ಲಾಭ ಅನ್ನಿಸುವುದು ಒಂದು ಸಣ್ಣ ಮೀನಿನ ಕಥೆ. ಅದರ ಹೆಸರು ಸ್ಯಾಂಡ್ ಈಲ್. ಬೆರಳಿಗಿಂತ ತೆಳ್ಳಗೆ, ಬೆಳ್ಳಿ ಬಣ್ಣ. ಸಮುದ್ರದ ತಳದ ಮರಳಿನಲ್ಲಿ ಹೂತುಕೊಂಡು ಬದುಕುತ್ತದೆ. ಬ್ರಿಟನ್ನಿನ ಕಡಲ ಬಂಡೆಗಳಲ್ಲಿ ಗೂಡು ಮಾಡುವ ಪಫಿನ್ ಹಕ್ಕಿಗಳು ಮರಿಗಳಿಗೆ ತಿನ್ನಿಸುವುದು ಜಾಸ್ತಿ ಇದನ್ನೇ. ಬಣ್ಣದ ಕೊಕ್ಕಿನಲ್ಲಿ ಐದಾರು ಮೀನು ಅಡ್ಡಡ್ಡ ಜೋಡಿಸಿಕೊಂಡು ಹಾರಿ ಬರುವ ಪಫಿನ್‌ನ ಫೋಟೊ ನೀವೂ ನೋಡಿರುತ್ತೀರಿ. ಇದೇ ಮೀನನ್ನು ಡೆನ್ಮಾರ್ಕಿನ ಹಡಗುಗಳು ಟನ್‌ಗಟ್ಟಲೆ ಹಿಡಿದು ಪುಡಿ ಮಾಡಿ, ಎಣ್ಣೆ ತೆಗೆದು ಮೇವಿಗೆ ಮಾರುತ್ತಿದ್ದವು. ಒಕ್ಕೂಟದಲ್ಲಿ ಮೀನುಗಾರಿಕೆಯ ನಿರ್ಧಾರ ಎಲ್ಲ ದೇಶಗಳೂ ಸೇರಿ ಮಾಡುವಂಥದ್ದು. ಡೆನ್ಮಾರ್ಕ್ ಒಪ್ಪಬೇಕು ಅಲ್ವಾ? ಹಾಗಂತ ಒಳಗಿದ್ದಾಗ ಏನೂ ಆಗಿರಲಿಲ್ಲ ಅಂತಲ್ಲ. 2000ದಲ್ಲೇ ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಒಂದು ಭಾಗದಲ್ಲಿ ಈ ಮೀನು ಹಿಡಿಯುವುದನ್ನು ನಿಲ್ಲಿಸಿದ್ದರು. ಆದರೆ ಉತ್ತರ ಸಮುದ್ರದ ಇಂಗ್ಲೆಂಡಿನ ನೀರು, ಸ್ಕಾಟ್ಲೆಂಡಿನ ಇಡೀ ನೀರು ಎರಡರಲ್ಲೂ ನಿಷೇಧ ಬಂದದ್ದು 2024ರ ಮಾರ್ಚ್‌ನಲ್ಲಿ, ಹೊರಬಂದ ಮೇಲೆ. ಒಕ್ಕೂಟ ಇದನ್ನು ಅಂತರರಾಷ್ಟ್ರೀಯ ಪಂಚಾಯ್ತಿಗೆ ಒಯ್ದಿತು. 2025ರಲ್ಲಿ ಬಂದ ತೀರ್ಪು ಬ್ರಿಟನ್ ಒಂದೆರಡು ಕಡೆ ತಪ್ಪಿದೆ ಎಂದಿತು, ಆದರೆ ನಿಷೇಧ ಉಳಿಯಿತು. ಮೊದಲ ಪ್ರಶ್ನೆಗೂ ಎರಡನೆಯದಕ್ಕೂ ಇಲ್ಲಿ ಒಳ್ಳೆಯ ಉತ್ತರ ಇದೆ. ಮೂರನೆಯದಕ್ಕೆ ಉತ್ತರ ಹಕ್ಕಿಗಳು.

ಇದೇ ಸಾಲಿಗೆ ಸೇರುವ ಇನ್ನೊಂದು, 2024ರ ಮೇ ತಿಂಗಳ ಕಾನೂನು. ಕುರಿ, ದನಗಳನ್ನು ಕಡಿಯಲು ಅಥವಾ ಕೊಬ್ಬಿಸಲು ಜೀವಂತ ಹೊರದೇಶಕ್ಕೆ ಸಾಗಿಸುವುದನ್ನು ಅದು ನಿಲ್ಲಿಸಿತು. ಒಂದೇ ಮಾರುಕಟ್ಟೆಯ ಒಳಗೆ ಅಂಥ ನಿಷೇಧ ಹಾಕಲು ಬರುತ್ತಿರಲಿಲ್ಲ. ಹಾಗೆಯೇ 2025ರಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಸುಂಕ ಹಾಕಿದಾಗ ಬ್ರಿಟನ್ನಿನ ಬಹುತೇಕ ಸರಕಿಗೆ ಶೇ 10 ಬಿತ್ತು, ಒಕ್ಕೂಟದ ಸರಕಿಗೆ ಮಾತುಕತೆ ಆದ ಮೇಲೂ ಶೇ 15. ಬೇರೆ ಇದ್ದದ್ದಕ್ಕೆ ಸಿಕ್ಕ ವ್ಯತ್ಯಾಸ ಇದು, ಅದನ್ನು ಅಲ್ಲಗಳೆಯಬಾರದು.

ದುಡ್ಡಿನಲ್ಲಿ ಅಳೆಯಲಾಗದ ಲಾಭವೂ ಒಂದಿದೆ. ಬಿಡೋಣ ಅಂದವರಲ್ಲಿ ತುಂಬ ಜನಕ್ಕೆ ಮುಖ್ಯವಾಗಿದ್ದದ್ದು ಹಿಡಿತ. ನಮ್ಮ ಕಾನೂನನ್ನು ನಾವು ಓಟು ಹಾಕಿ ಕಳಿಸಿದವರೇ ಮಾಡಬೇಕು, ಸರಿ ಬರಲಿಲ್ಲ ಅಂದರೆ ಅವರನ್ನು ಓಟಿನಿಂದಲೇ ಇಳಿಸುವಂತಿರಬೇಕು ಎಂಬ ಆಸೆ. ಹಾಗೆ ಯೋಚಿಸಿದವರಿಗೆ ಲಾಭ ಹೊರಬಂದ ದಿನವೇ ಸಿಕ್ಕಿತು. ಅವರನ್ನು ದಡ್ಡರು ಎಂದು ತಳ್ಳಿಹಾಕುವ ಬರಹಗಳನ್ನು ಓದಿದರೆ ನನಗೆ ಬೇಸರವಾಗುತ್ತದೆ. ಉತ್ತರ ಐರ್ಲೆಂಡಿನವರಿಗೆ ಮಾತ್ರ ಅದೂ ಪೂರ್ತಿ ಸಿಗಲಿಲ್ಲ. ಐರ್ಲೆಂಡ್ ದ್ವೀಪದ ನಡುವೆ ಮತ್ತೆ ಗಡಿ ಎಬ್ಬಿಸಬಾರದು ಎಂಬ ಕಾರಣಕ್ಕೆ ಅಲ್ಲಿ ಸರಕಿನ ವಿಷಯದಲ್ಲಿ ಒಕ್ಕೂಟದ ಎಷ್ಟೋ ನಿಯಮಗಳು ಇವತ್ತಿಗೂ ನಡೆಯುತ್ತವೆ.

ಹಿಡಿತದ ಮಾತಲ್ಲೇ ವಲಸೆಯೂ ಬರುತ್ತದೆ. 2021ರಿಂದ ಯುರೋಪಿನವರಿಗೂ ನಮ್ಮವರಿಗೂ ಕೆಲಸ, ಸಂಬಳ, ಭಾಷೆ ನೋಡಿ ಅಂಕ ಕೊಡುವ ಒಂದೇ ಪದ್ಧತಿಯ ವೀಸಾ. ಪೋಲೆಂಡಿನವರು ಕಡಿಮೆಯಾದರು, ಭಾರತದ ನರ್ಸ್‌ಗಳು, ವಿದ್ಯಾರ್ಥಿಗಳು, ಐಟಿಯವರು ಹೆಚ್ಚಾದರು. 2023ರ ಜೂನ್‌ಗೆ ಮುಗಿದ ವರ್ಷದಲ್ಲಿ ಬಂದವರಿಂದ ಹೋದವರನ್ನು ಕಳೆದರೆ ಉಳಿದವರ ಸಂಖ್ಯೆ 9 ಲಕ್ಷ ದಾಟಿತು. ವಲಸೆ ಕಡಿಮೆಯಾಗಲಿ ಎಂದು ಓಟು ಹಾಕಿದವರು ಕೇಳಿದ್ದು ಇದನ್ನಲ್ಲ. ಅವರಿಗೆ ಲಾಭ ಅನ್ನಿಸದ್ದು ಇಲ್ಲಿನ ಎಷ್ಟೋ ಮನೆಗಳಿಗೆ ಲಾಭವಾಯಿತು.

ಇನ್ನು ಖರ್ಚಿನ ಬಾಬ್ತು. ಬ್ರಿಟನ್ನಿನ ಸರ್ಕಾರಿ ಲೆಕ್ಕದ ಮೇಲೆ ಕಣ್ಣಿಡುವ ಸ್ವತಂತ್ರ ಸಂಸ್ಥೆ ಒಬಿಆರ್. ಒಕ್ಕೂಟದಲ್ಲೇ ಇದ್ದಿದ್ದರೆ ಆಗುತ್ತಿದ್ದುದಕ್ಕಿಂತ ದೇಶದ ಉತ್ಪಾದಕತೆ ಕ್ರಮೇಣ ಶೇ 4ರಷ್ಟು ಕಡಿಮೆಯಾಗುತ್ತದೆ ಎಂಬುದು ಅದರ ಅಂದಾಜು. ಆಮದು ರಫ್ತು ಎರಡೂ ಶೇ 15ರಷ್ಟು ಕಡಿಮೆ. ಆಗದೇ ಹೋದದ್ದರ ಜೊತೆ ಹೋಲಿಸಿ ಹೇಳುವ ಲೆಕ್ಕವಾದ್ದರಿಂದ ಇದರ ಬಗ್ಗೆ ವಾದ ಇದ್ದೇ ಇದೆ. ಆದರೆ ಈ ಶೇ 4ನ್ನು ನೆನಪಿಡಿ, ಈಗ ಬೇಕಾಗುತ್ತದೆ.

ಬ್ರೆಕ್ಸಿಟ್ ಪರವಾಗಿದ್ದವರು ಹೆಚ್ಚು ಆಸೆ ಇಟ್ಟುಕೊಂಡದ್ದು ಹೊಸ ವ್ಯಾಪಾರ ಒಪ್ಪಂದಗಳ ಮೇಲೆ. ಒಕ್ಕೂಟದ ಒಳಗಿದ್ದರೆ ಒಂದು ದೇಶ ತಾನೇ ಬೇರೆಯವರ ಜೊತೆ ಸುಂಕದ ಒಪ್ಪಂದ ಮಾಡಿಕೊಳ್ಳುವಂತಿಲ್ಲ, ಎಲ್ಲರ ಪರವಾಗಿ ಬ್ರಸೆಲ್ಸ್, ಅಂದರೆ ಒಕ್ಕೂಟದ ಕೇಂದ್ರ ಆಡಳಿತ, ಮಾಡುತ್ತದೆ. ಹೊರಬಂದ ಬ್ರಿಟನ್ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆ ಮಾಡಿಕೊಂಡಿತು. ಭಾರತದ ಜೊತೆಗಿನ ಮಾತುಕತೆ 2025ರ ಮೇ 6ರಂದು ಮುಗಿಯಿತು, ಜುಲೈ 24ರಂದು ಸಹಿ ಬಿತ್ತು. ಸ್ಕಾಚ್ ವಿಸ್ಕಿ ಮೇಲಿನ ನಮ್ಮ ಶೇ 150 ಸುಂಕ ಮೊದಲು ಅರ್ಧಕ್ಕೆ ಇಳಿದು, ಹತ್ತು ವರ್ಷದಲ್ಲಿ ಶೇ 40ಕ್ಕೆ ಬರಬೇಕು. ಒಪ್ಪಂದದ ಪ್ರಕಾರ ನಮ್ಮ ಕಡೆಯಿಂದ ಹೋಗುವ ಶೇ 99ರಷ್ಟು ಬಗೆಯ ಸರಕಿಗೆ ಅಲ್ಲಿ ಸುಂಕ ಇಲ್ಲ. ಇದರಿಂದ ಬ್ರಿಟನ್ನಿನ ಜಿಡಿಪಿಗೆ ಮುಂದೆ ಎಷ್ಟು ಸೇರುತ್ತದೆ ಎಂದು ಅಲ್ಲಿನ ಸರ್ಕಾರವೇ ಲೆಕ್ಕ ಹಾಕಿದೆ: ಶೇ 0.13. ಮೇಲಿನ ಶೇ 4ರ ಪಕ್ಕ ಇಟ್ಟು ನೋಡಿ.

ನಮಗೆ ಮಾತ್ರ ಇದು ಸಣ್ಣದಲ್ಲ. ಬೆಂಗಳೂರಿನ ಬೊಮ್ಮನಹಳ್ಳಿ, ಪೀಣ್ಯದ ಗಾರ್ಮೆಂಟ್ಸ್‌ಗಳಲ್ಲಿ ಹೆಣ್ಣುಮಕ್ಕಳು ಹೊಲಿದ ಶರ್ಟು ಲಂಡನ್ನಿಗೆ ಹೋದರೆ ಶೇ 9, 10, ಕೆಲವಕ್ಕೆ 12ರವರೆಗೂ ಸುಂಕ ಇತ್ತು. ಬಾಂಗ್ಲಾದೇಶದ ಶರ್ಟಿಗೆ ಸೊನ್ನೆ. ಆರ್ಡರ್ ಯಾಕೆ ಢಾಕಾಗೆ ಹೋಗುತ್ತಿತ್ತು ಎಂಬುದಕ್ಕೆ ಇದೂ ಒಂದು ಕಾರಣ. ಕೊಡಗು, ಚಿಕ್ಕಮಗಳೂರಿನ ಕಾಫಿಯಿಂದ ಆಗುವ ಇನ್‌ಸ್ಟಂಟ್ ಪುಡಿಗೂ ಸುಂಕ ಹೋಗುತ್ತದೆ. ಬ್ರಿಟನ್ ಒಕ್ಕೂಟದಲ್ಲೇ ಇದ್ದಿದ್ದರೆ ಈ ಒಪ್ಪಂದ ಆಗುತ್ತಿರಲಿಲ್ಲ, ಯಾಕೆಂದರೆ 2007ರಲ್ಲಿ ಶುರುವಾದ ಭಾರತ ಮತ್ತು ಒಕ್ಕೂಟದ ಮಾತುಕತೆ 2013ರಲ್ಲಿ ನಿಂತುಬಿಟ್ಟಿತ್ತು. ಅದು ಮತ್ತೆ ಶುರುವಾದದ್ದು 2022ರಲ್ಲಿ. 2026ರ ಜನವರಿ 27ರಂದು ದೆಹಲಿಯಲ್ಲಿ, ಆ ಮಾತುಕತೆಯೂ ಮುಗಿಯಿತು ಎಂದು ಎರಡೂ ಕಡೆಯವರು ಘೋಷಿಸಿದರು. ಬ್ರಿಟನ್ ಮುಗಿಸಿದ್ದಕ್ಕೂ ಒಕ್ಕೂಟ ಮುಗಿಸಿದ್ದಕ್ಕೂ ನಡುವೆ ಒಂಬತ್ತು ತಿಂಗಳೂ ಇಲ್ಲ.