ಹಳೇ ಫೋಟೋ ಎಲ್ಲಿ ನಿಂತು ತೆಗೆದದ್ದು? ಊರಿನ ಚಿತ್ರಪುಸ್ತಕ ಓದುವವರಿಗೆ, ಮಾಡುವವರಿಗೆ ಟಿಪ್ಪಣಿ

ಊರಿನ ಕಟ್ಟಡ, ಓಣಿ, ಇತಿಹಾಸದ ಚಿತ್ರಪುಸ್ತಕಗಳನ್ನು ಸುಮ್ನೆ ತಿರುವಿ ಹಾಕದೆ ಕೂತು ಓದುವವರಿಗಾಗಿ ಇದು. ಹುಬ್ಬಳ್ಳಿ-ಧಾರವಾಡದ ಓಣಿಗಳ ಮೇಲೆ ಅಂಥದ್ದೇ ಒಂದು ಪುಸ್ತಕ ಮಾಡಬೇಕು ಅಂತ ನಾವು ಕೆಲವರು ಹೊರಟಿದ್ದೇವೆ. ಎಡಪುಟದಲ್ಲಿ ಹಳೇ ಫೋಟೋ, ಬಲಪುಟದಲ್ಲಿ ಅದೇ ಜಾಗದಿಂದ ಇವತ್ತಿನ ಫೋಟೋ. ಕೇಳಲು ಸುಲಭ. ಆದರೆ 'ಅದೇ ಜಾಗ' ಅಂದರೆ ಯಾವುದು ಅನ್ನುವಲ್ಲೇ ಎಲ್ಲರ ಗಾಡಿ ನಿಲ್ಲುತ್ತದೆ. ಹಾಗಾಗಿ ಈ ಟಿಪ್ಪಣಿಯ ದೊಡ್ಡ ಪಾಲು ಅದಕ್ಕೇ ಹೋಗಿದೆ.

ಮೊದಲು, ಕಣ್ಣಮುಂದೆ ಇರುವ ಪುಸ್ತಕಗಳು

ನಮ್ಮ ಭಾಗದ ಮಟ್ಟಿಗೆ ಈ ಜಾತಿಯ ಪುಸ್ತಕಗಳಲ್ಲಿ ಹಿರಿಯಣ್ಣ 1866ರಲ್ಲಿ ಲಂಡನ್ನಿನ ಜಾನ್ ಮರ್ರೆ ಪ್ರಕಟಿಸಿದ 'ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್'. ಫೋಟೋ ತೆಗೆದವರು ಮೂವರು: ಡಾ. ಪಿಗೂ, ನೀಲ್ ಮತ್ತು ಕರ್ನಲ್ ಬಿಗ್ಸ್. ಇತಿಹಾಸದ ಭಾಗ ಬರೆದವರು ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್. ಕಟ್ಟಡಗಳ ಟಿಪ್ಪಣಿ ವಾಸ್ತುಶಿಲ್ಪದ ಇತಿಹಾಸಕಾರ ಜೇಮ್ಸ್ ಫರ್ಗುಸನ್ ಅವರದು. ಫೋಟೋಗಳನ್ನು ಒಂದೊಂದಾಗಿ ಪ್ರಿಂಟ್ ತೆಗೆದು ಪ್ರತಿಯೊಂದು ಪುಸ್ತಕದ ಹಾಳೆಗೂ ಅಂಟಿಸುತ್ತಿದ್ದ ಕಾಲ ಅದು.

ಹೆಸರಿನಲ್ಲಿ ಧಾರವಾಡ ಇದೆ ಅಂತ ಲೈನ್ ಬಜಾರ್, ಮಾಳಮಡ್ಡಿ ಹುಡುಕಿಕೊಂಡು ಹೋಗಬೇಡಿ. ಅಲ್ಲಿನ ಧಾರವಾಡ ಅಂದರೆ ಜಿಲ್ಲೆ. ಗದಗ, ಹಾವೇರಿಯೂ ಆಗ ಅದರೊಳಗೇ ಇದ್ದವು, ಬೇರೆ ಜಿಲ್ಲೆಗಳಾದದ್ದು 1997ರಲ್ಲಿ. ಇನ್ನು ಆ ಮಂದಿಗೆ ಬೇಕಿದ್ದದ್ದು ಗುಡಿಗಳು. ಜನ ಬದುಕುವ ಮನೆ, ಪೇಟೆ, ಕಟ್ಟೆ ಅವರಿಗೆ 'ವಾಸ್ತುಶಿಲ್ಪ' ಅನ್ನಿಸಲಿಲ್ಲ. ನನಗೆ ಇದು ಆ ಪುಸ್ತಕದ ದೊಡ್ಡ ಕೊರತೆ. ನಮ್ಮಂಥವರಿಗೆ ಕೆಲಸ ಉಳಿದಿರುವುದೂ ಅದರಿಂದಲೇ.

ಇನ್ನೊಂದು, ಹೆನ್ರಿ ಕಸಿನ್ಸ್ 1926ರಲ್ಲಿ ಕನ್ನಡ ಜಿಲ್ಲೆಗಳ ಚಾಲುಕ್ಯ ಗುಡಿಗಳ ಬಗ್ಗೆ ತಂದ ಪುಸ್ತಕ. ಇದರಲ್ಲಿ ಫೋಟೋ ಜೊತೆ, ಗುಡಿಯನ್ನು ಮೇಲಿನಿಂದ ನೋಡಿದಂತೆ ಬರೆದ ನಕ್ಷೆಗಳೂ ಇವೆ. ನಕ್ಷೆ ಯಾಕೆ ಬೇಕು ಅನ್ನುವವರು ಗದಗ ಜಿಲ್ಲೆಯ ಡಂಬಳದ ದೊಡ್ಡಬಸಪ್ಪ ಗುಡಿಗೆ ಹೋಗಿ ಬನ್ನಿ. ಗರ್ಭಗುಡಿಯ ಹೊರಗೋಡೆ 24 ಮೂಲೆಯ ನಕ್ಷತ್ರ. ಎದುರು ನಿಂತರೆ ಮಡಿಕೆ ಮಡಿಕೆಯಾದ ಗೋಡೆ ಕಾಣುತ್ತದೆ, ನಕ್ಷತ್ರ ಕಾಣುವುದಿಲ್ಲ. ಕಾಗದದ ಮೇಲೆ ಒಂದು ಚೌಕ ಬರೆಯಿರಿ. ಅದರ ನಡುವನ್ನು ಬಿಡದೆ 15 ಡಿಗ್ರಿ ತಿರುಗಿಸಿ ಇನ್ನೊಂದು ಬರೆಯಿರಿ. ಹೀಗೆ 6 ಚೌಕ ಆದರೆ 24 ಮೂಲೆ ಬಂತು. ಫೋಟೋ ಒಂದರಿಂದಲೇ ಇದು ತಿಳಿಯುವುದಿಲ್ಲ.

ಕ್ಯಾಮೆರಾ ಎಲ್ಲಿತ್ತು?

ಇದು ತಲೆಗೆ ಹತ್ತಲು ನನಗೆ ತುಂಬಾ ಹೊತ್ತು ಬೇಕಾಯಿತು. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಹಳೇ ಫೋಟೋ ಕೈಯಲ್ಲಿ ಹಿಡಿದು ಕಟ್ಟಡದ ಎದುರು ನಿಂತರೆ ಮೊದಲು ಎಲ್ಲರೂ ಮಾಡುವ ಕೆಲಸ ಒಂದೇ. ಗೋಡೆ ಅಷ್ಟೇ ದೊಡ್ಡದಾಗಿ ಕಾಣುವವರೆಗೆ ಜೂಮ್ ಮಾಡುವುದು. ಗೋಡೆ ಹೊಂದುತ್ತದೆ, ಆದರೆ ಮುಂದಿನ ಕಂಬ ಹೊಂದುವುದಿಲ್ಲ. ಕಂಬಕ್ಕೆ ಹೊಂದಿಸಿದರೆ ಹಿಂದಿನ ಬಾಗಿಲು ಕೈಕೊಡುತ್ತದೆ. 'ಅವರ ಲೆನ್ಸೇ ಬೇರೆ, ಇದು ಆಗೋದಲ್ಲ' ಅಂತ ಬಿಟ್ಟುಬಿಡುವುದು ಇಲ್ಲೇ.

ಲೆನ್ಸಿನ ಮೇಲೆ ತಪ್ಪು ಹೊರಿಸಬೇಡಿ. ಹತ್ತಿರದ ವಸ್ತು ದೂರದ ವಸ್ತುವಿಗಿಂತ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು ನೀವು ನಿಂತ ಜಾಗದ ಮೇಲೆ ಮಾತ್ರ ನಿಂತಿದೆ. ಲೆನ್ಸ್ ಬದಲಿಸಿದರೆ ಇಡೀ ಚಿತ್ರ ಒಟ್ಟಿಗೆ ದೊಡ್ಡದಾಗುತ್ತದೆ, ಇಲ್ಲವೇ ಚಿಕ್ಕದಾಗುತ್ತದೆ. ಒಂದರ ಎದುರು ಇನ್ನೊಂದರ ಅಳತೆ ಕದಲುವುದಿಲ್ಲ.

ಲೆಕ್ಕ ಹಾಕಿಯೇ ನೋಡೋಣ. ಹಳೇ ಮನೆಯೊಂದರ ಪಡಸಾಲೆ. ಒಂದರ ಹಿಂದೆ ಒಂದು ಮರದ ಕಂಬ. ಎರಡೂ ಒಂದೇ ಎತ್ತರ, ನಡುವೆ 8 ಅಡಿ. ಹಳೇ ಫೋಟೋದ ಮೇಲೆ ಸ್ಕೇಲ್ ಇಟ್ಟು ಅಳೆದರೆ ಮುಂದಿನ ಕಂಬ 60 ಮಿಲಿಮೀಟರ್, ಹಿಂದಿನದು 40. ಅಂದರೆ ಒಂದೂವರೆ ಪಟ್ಟು, 1.5.

ಕಾಣುವ ಗಾತ್ರ ದೂರಕ್ಕೆ ತಿರುಗಾಮುರುಗಾ. ದೂರ ಎರಡು ಪಟ್ಟಾದರೆ ಗಾತ್ರ ಅರ್ಧ. ಹಾಗಾದರೆ ಹಿಂದಿನ ಕಂಬ ಕ್ಯಾಮೆರಾದಿಂದ ಮುಂದಿನದಕ್ಕಿಂತ 1.5 ಪಟ್ಟು ದೂರದಲ್ಲಿರಬೇಕು. ಆ ಹೆಚ್ಚಿನ ಅರ್ಧ ಪಟ್ಟೇ ನಮ್ಮ 8 ಅಡಿ. ಅರ್ಧ ಪಟ್ಟು 8 ಅಡಿಯಾದರೆ ಪೂರ್ತಿ ಒಂದು ಪಟ್ಟು 16 ಅಡಿ. ಕ್ಯಾಮೆರಾ ಮುಂದಿನ ಕಂಬದಿಂದ 16 ಅಡಿ ದೂರ ಇತ್ತು. ತಾಳೆ ನೋಡಿ: ಹಿಂದಿನದಕ್ಕೆ 24 ಅಡಿ, 24 ಭಾಗಿಸು 16 ಅಂದರೆ 1.5. ಸರಿಹೋಯ್ತು.

ಸೂತ್ರ ಬೇಕಾದವರಿಗೆ: ಎರಡು ಕಂಬಗಳ ನಡುವಿನ ಅಂತರವನ್ನು, ಪಟ್ಟಿನಲ್ಲಿ ಒಂದು ಕಳೆದು ಉಳಿದದ್ದರಿಂದ ಭಾಗಿಸಿ. 8 ಭಾಗಿಸು 0.5 = 16.

ಈಗ ಲೆನ್ಸ್ ಎಲ್ಲಿ ಬಂತು ಹೇಳಿ? ಎಲ್ಲೂ ಬರಲಿಲ್ಲ. ಅದೇ ಫೋಟೋ ಹಿಗ್ಗಿಸಿ ಮುಂದಿನ ಕಂಬವನ್ನು 90 ಮಾಡಿ. ಹಿಂದಿನದು 60 ಆಗುತ್ತದೆ. ಪಟ್ಟು ಮತ್ತೆ 1.5. ಜೂಮ್ ಮಾಡುವುದೂ ಇದನ್ನೇ.

ಹಾಗಾದರೆ ಜೂಮ್ ಲೆನ್ಸಿನಲ್ಲಿ ಎಲ್ಲಾ ಒತ್ತಿಕೊಂಡಂತೆ ಕಾಣುತ್ತದಲ್ಲ, ಅದು ಸುಳ್ಳೇ? ನಿಜವೇ, ಆದರೆ ಹಾಗೆ ಮಾಡಿದ್ದು ನಿಮ್ಮ ಕಾಲು. ಜೂಮ್ ಇದೆ ಅಂತ ಮುಂದಿನ ಕಂಬದಿಂದ 40 ಅಡಿ ದೂರ ಹೋಗಿ ನಿಂತಿರುತ್ತೀರಿ. ಆಗ ಹಿಂದಿನ ಕಂಬಕ್ಕೆ 48 ಅಡಿ, ಪಟ್ಟು ಬರೀ 1.2. ಮುಂದಿನದು 60 ಇದ್ದರೆ ಹಿಂದಿನದು 50. ಕಂಬಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣದೆ ಇನ್ನೇನು?

ಎರಡು ಎಚ್ಚರ. 8 ಅಡಿಯನ್ನು ಕ್ಯಾಮೆರಾ ನೋಡುವ ದಿಕ್ಕಿನಲ್ಲೇ ಅಳೆಯಬೇಕು. ಕಂಬದಿಂದ ಕಂಬಕ್ಕೆ ಓರೆಯಾಗಿ ಟೇಪ್ ಹಿಡಿದರೆ ಅಂತರ ಜಾಸ್ತಿ ಬಂದು ಲೆಕ್ಕ ಕೆಡುತ್ತದೆ. ಮತ್ತೆ, ಕ್ಯಾಮೆರಾ ಮೇಲಕ್ಕೋ ಕೆಳಕ್ಕೋ ಬಾಗಿರುವ ಚಿತ್ರದಲ್ಲಿ ಈ ಲೆಕ್ಕ ನೇರವಾಗಿ ನಡೆಯುವುದಿಲ್ಲ.

ದೂರ ಸಿಕ್ಕಿತು. ಇನ್ನು ಎಡವೋ ಬಲವೋ? ಇದಕ್ಕೆ ನನ್ನ ಅಚ್ಚುಮೆಚ್ಚಿನ ಅಡ್ಡದಾರಿ ಇದೆ: ಹತ್ತಿರದ್ದು ಯಾವ ಕಡೆ ಜಾರಿದೆಯೋ ಆ ಕಡೆ ನೀವೂ ಸರಿಯಿರಿ. ಹಳೇ ಫೋಟೋದಲ್ಲಿ ಮುಂದಿನ ಕಂಬ ಹಿಂದಿನ ಬಾಗಿಲಿನ ಎಡ ಚೌಕಟ್ಟನ್ನು ಸರಿಯಾಗಿ ಮುಚ್ಚಿದೆ ಅನ್ನಿ. ನಿಮಗೆ ಅದು ಬಾಗಿಲ ನಡುವೆ ಬರುತ್ತಿದೆ. ಅಂದರೆ ಬಲಕ್ಕೆ ಜಾರಿದೆ. ನೀವೂ ಬಲಕ್ಕೆ ಹೋಗಿ, ಕಂಬ ಎಡಕ್ಕೆ ಹೋಗಿ ಚೌಕಟ್ಟಿನ ಮೇಲೆ ಕೂರುತ್ತದೆ. ಮೇಲೆ ಕೆಳಗೂ ಇದೇ ಮಾತು. ಮುಂದಿನ ಕಟ್ಟೆಯ ಅಂಚು ಹಿಂದಿನ ಹೊಸ್ತಿಲಿಗಿಂತ ಮೇಲೆ ಕಂಡರೆ, ಹಳೇ ಚಿತ್ರದಲ್ಲಿ ಕೆಳಗಿದ್ದರೆ, ಕ್ಯಾಮೆರಾ ಮೇಲೆತ್ತಿ. ಹತ್ತಿರದ್ದು ಅತಿಯಾಗಿ ದೊಡ್ಡದಾಗಿದ್ದರೆ ಹಿಂದೆ ನಡೆಯಿರಿ.

ಜೋಡಿ ಆರಿಸುವಾಗ ಒಂದು ಹತ್ತಿರದ್ದು, ಒಂದು ದೂರದ್ದು ಇರಲೇಬೇಕು. ಒಂದೇ ಗೋಡೆಯ ಮೇಲಿನ ಎರಡು ಕಿಟಕಿ ಹಿಡಿದುಕೊಂಡರೆ ನೀವು ಎಡಕ್ಕೆ ಬಲಕ್ಕೆ ಓಡಾಡಿದರೂ ಸುಳಿವು ಹೆಚ್ಚು ಸಿಗುವುದಿಲ್ಲ. ಕಲ್ಲಿನ ಗುಡಿಗಳಲ್ಲಿ ಇದು ಸಲೀಸು, ಕಂಬ ಎಲ್ಲೂ ಹೋಗಿರುವುದಿಲ್ಲ. ಪೇಟೆಯಲ್ಲಿ ಕಷ್ಟ. ಹುಬ್ಬಳ್ಳಿಯ ದಾಜಿಬಾನ ಪೇಟೆಯಂಥ ಕಡೆ ಕೆಳಗಿನ ಅಂಗಡಿಗಳ ಮುಖವೆಲ್ಲಾ ಬದಲಾಗಿರುತ್ತದೆ. ಅಲ್ಲಿ ಬೋರ್ಡುಗಳ ಮೇಲೆ ಕಣ್ಣೆತ್ತಿ ನೋಡಿ. ಮೇಲಿನ ಅಂತಸ್ತಿನ ಕಿಟಕಿ, ಸಜ್ಜಾ, ಗೋಡೆಯ ಮೂಲೆ ಹಾಗೇ ಉಳಿದಿರುವುದುಂಟು.

ಎಲ್ಲಾ ಹೊಂದಿದ ಮೇಲೆ ಜೂಮ್ ಮಾಡಿ, ಅಥವಾ ಮನೆಗೆ ಬಂದು ಕತ್ತರಿಸಿ. ಆಗ ಗಾತ್ರ ತಾನಾಗಿ ಹೊಂದುತ್ತದೆ.

ನೆಟ್ಟಗಿನ ಗೋಡೆ

ಹಳೇ ಪುಸ್ತಕಗಳಲ್ಲಿ ಗೋಡೆಗಳು ನೆಟ್ಟಗೆ ನಿಂತಿರುತ್ತವೆ. ನಮ್ಮ ಫೋನ್ ಫೋಟೋಗಳಲ್ಲಿ ಮೇಲಕ್ಕೆ ಹೋದಂತೆ ಒಳಕ್ಕೆ ವಾಲುತ್ತವೆ. ಕಾರಣ, ಶಿಖರ ಸೇರಿಸಲು ಫೋನ್ ಹಿಂದಕ್ಕೆ ವಾಲಿಸುತ್ತೇವೆ. ಫಿಲ್ಮ್ ಬದಲು ಗಾಜಿನ ಪ್ಲೇಟ್ ಹಾಕುವ ಹಳೇ ದೊಡ್ಡ ಕ್ಯಾಮೆರಾಗಳಲ್ಲಿ ಕ್ಯಾಮೆರಾ ವಾಲಿಸದೆ ಲೆನ್ಸ್ ಇರುವ ಮುಂಭಾಗವನ್ನಷ್ಟೇ ಮೇಲೆತ್ತಬಹುದು. ಫೋನಿನಲ್ಲಿ ಅಗಲದ ಲೆನ್ಸ್ ಹಾಕಿ, ನೆಟ್ಟಗೆ ಹಿಡಿದು, ಕೆಳಗಿನ ರಸ್ತೆ ಕತ್ತರಿಸಿಬಿಡಿ. ಸಾಕು.

ಬಿಸಿಲು, ನೆರಳು

ಹಳೇ ಚಿತ್ರದ ಗಳಿಗೆ, ಋತು ಗೊತ್ತಾಗುವುದು ನೆರಳಿನಿಂದ. ಹಾವೇರಿಯ ಸಿದ್ಧೇಶ್ವರ ಗುಡಿ ಪಶ್ಚಿಮಕ್ಕೆ ಮುಖ ಮಾಡಿದೆ. ಅದರ ಮುಂಭಾಗದ ಮೇಲೆ ನೇರ ಬಿಸಿಲು ಬಿದ್ದಿದ್ದರೆ ಅದು ಮಧ್ಯಾಹ್ನದ ಮೇಲಿನ ಚಿತ್ರ. ಲಕ್ಕುಂಡಿಯ ಕಾಶಿ ವಿಶ್ವೇಶ್ವರದಲ್ಲಿ ಶಿವನ ಗುಡಿ, ಸೂರ್ಯನ ಗುಡಿ ಎದುರುಬದುರು. ಒಂದಕ್ಕೆ ಬೆಳಗಿನ ಬೆಳಕು, ಇನ್ನೊಂದಕ್ಕೆ ಸಂಜೆಯದು. ಎರಡರ ಮುಖವೂ ಒಂದೇ ಹೊತ್ತಿಗೆ ಚೆನ್ನಾಗಿ ಬೇಕು ಅಂದರೆ ಮೋಡದ ದಿನ ಹೋಗಿ.

ಉತ್ತರದ ಗೋಡೆ ಇನ್ನೂ ಮಜಾ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆವರೆಗೆ ಸೂರ್ಯ ಪೂರ್ವಕ್ಕಿಂತ ಉತ್ತರಕ್ಕೆ ಸರಿದು ಹುಟ್ಟುತ್ತಾನೆ. ಆಗ ಬೆಳಿಗ್ಗೆ, ಸಂಜೆ ಆ ಗೋಡೆಗೆ ಓರೆ ಬಿಸಿಲು ಬೀಳುತ್ತದೆ. ಉಳಿದ ಆರು ತಿಂಗಳು ಇಡೀ ದಿನ ನೆರಳೇ. ನಡುಹಗಲಲ್ಲೂ ಬಿಸಿಲು ತಾಗಬೇಕಾದರೆ ಮೇ ಮೊದಲ ದಿನಗಳಿಂದ ಆಗಸ್ಟ್ ಎರಡನೇ ವಾರದೊಳಗೆ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ನೆತ್ತಿಯ ಉತ್ತರಕ್ಕೆ ದಾಟುವುದು ಆಗ ಮಾತ್ರ. ಅದರಲ್ಲೂ ಜೂನ್ ಆದಮೇಲೆ ಮೋಡ. ಹಾಗಾಗಿ ಉತ್ತರದ ಗೋಡೆ ಬೆಳಗುತ್ತಿರುವ ಚಿತ್ರ ಬಹುಶಃ ಬೇಸಿಗೆಯದು.

1850ರ ದಶಕದ ಚಿತ್ರಗಳಲ್ಲಿ ಆಕಾಶ ಬೋಳು, ಬೀದಿ ಖಾಲಿ. ಆಗಿನ ನೆಗೆಟಿವ್‌ಗಳು ನೀಲಿಗೆ ಬೇಗ ಸ್ಪಂದಿಸುತ್ತಿದ್ದವು, ಆಕಾಶ ಸುಟ್ಟು ಬೆಳ್ಳಗಾಗುತ್ತಿತ್ತು. ಕೆಂಪು ಕಪ್ಪಾಗುತ್ತಿತ್ತು. ಬೆಳಕು ಹಿಡಿಯಲು ಹೊತ್ತು ಬೇಕಿದ್ದರಿಂದ ನಡೆದುಹೋದವರು ಚಿತ್ರದಲ್ಲಿ ಉಳಿಯುತ್ತಲೇ ಇರಲಿಲ್ಲ. 'ಪಾಳು ಬಿದ್ದ ಊರು' ಅಂತ ಇದನ್ನು ನೋಡಿ ಬರೆಯಬೇಡಿ.

ಚಿತ್ರದ ಕೆಳಗಿನ ಸಾಲು

ಸಂಸ್ಥೆಯ ವರ್ಷವನ್ನು ಕಟ್ಟಡದ ವರ್ಷ ಅಂತ ಹಾಕುವುದು ಎಲ್ಲೆಡೆ ಕಾಣುತ್ತದೆ. ಧಾರವಾಡದ ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಕಟ್ಟಡ ಅದಕ್ಕಿಂತ ಹಳೆಯದು, ಮೊದಲು ರೈಲ್ವೆ ಕಂಪನಿಯ ಮುಖ್ಯ ಕಚೇರಿ ಆಗಿತ್ತು. ಅದೇ ಥರ ಮಂಗಳೂರು ಹೆಂಚು. ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಹಾಗಾಗಿ ಆ ಹೆಂಚು ಕಾಣುವ ಚಿತ್ರ ಅದಕ್ಕಿಂತ ಮೊದಲಿನದಲ್ಲ. ಆದರೆ ಕೆಳಗಿನ ಗೋಡೆ ಇನ್ನೂ ಹಳೆಯದಿರಬಹುದು, ಮೇಲ್ಮುದ್ದೆ (ಮಣ್ಣಿನ ಮಾಳಿಗೆ) ತೆಗೆಸಿ ಆಮೇಲೆ ಹೆಂಚು ಹೊದಿಸಿರುತ್ತಾರೆ. ಒಳಗೆ ಹೋಗಿ, ಮೊದಲು ಮಾಳಿಗೆಯಲ್ಲಿ ಬೆಳಕಿಂಡಿ ಇತ್ತೇ ಅಂತ ಮನೆಯ ಹಿರಿಯರನ್ನು ಕೇಳಿ, ಜಂತಿ, ತೊಲೆ ನೋಡಿ. ಆಮೇಲಷ್ಟೇ ವರ್ಷ ಬರೆಯಿರಿ.

ನಮ್ಮ ಪುಸ್ತಕದಲ್ಲಿ ಪ್ರತಿ ಜೋಡಿಯ ಕೆಳಗೆ ಓಣಿಯ ಹೆಸರು, ಕ್ಯಾಮೆರಾ ನಿಂತ ಜಾಗ, ನೋಡಿದ ದಿಕ್ಕು, ತಿಂಗಳು, ಹೊತ್ತು ಇಷ್ಟು ಹಾಕಲು ಗೊತ್ತುಮಾಡಿದ್ದೇವೆ. 'ಕಾಮನಕಟ್ಟಿ, ಎದುರಿನ ಮನೆಯ ಕಟ್ಟೆಯಿಂದ, ಪೂರ್ವಕ್ಕೆ, ಏಪ್ರಿಲ್, ಸಂಜೆ' ಅನ್ನುವ ಹಾಗೆ. ಮನೆಯವರ ಹೆಸರು ಮಾತ್ರ ಅವರು ಒಪ್ಪಿದರೆ.